ಫ್ಲೂ ಲಸಿಕೆ ಪ್ರತಿವರ್ಷ ಯಾಕೆ? ಸೋಲಿನಿಂದ ಉತ್ತರ ಕಂಡುಕೊಂಡ ಡಾ. ಥಾಮಸ್ ಫ್ರಾನ್ಸಿಸ್ ಕಥೆ

ದಮ್ಮು, ಸಿಒಪಿಡಿಯಂಥ ಶ್ವಾಸಕೋಶದ ಕಾಯಿಲೆ ಇರುವವರಿಗೆ ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಹಾಕಿಸಿಕೊಳ್ಳಿ ಎಂದು ವೈದ್ಯರು ಹೇಳುತ್ತಾರೆ. ಹೋದ ವರ್ಷ ತಾನೆ ಹಾಕಿಸಿಕೊಂಡಿದ್ದೆವು, ಮತ್ತೆ ಯಾಕೆ ಎಂಬ ಪ್ರಶ್ನೆ ಮನೆಯವರಿಗೆ ಬರುವುದು ಸಹಜ. ಇದಕ್ಕೆ ಉತ್ತರ ಸಿಕ್ಕಿದ್ದು 1947ರಲ್ಲಿ, ಅದೂ ಒಂದು ಸೋಲಿನ ಮೂಲಕ. ಆಗ ಸೋತ ಲಸಿಕೆಯನ್ನು ರೂಪಿಸಿದ್ದವರು ಅಮೆರಿಕದ ವೈದ್ಯ ವಿಜ್ಞಾನಿ ಥಾಮಸ್ ಫ್ರಾನ್ಸಿಸ್ ಜೂನಿಯರ್.

ಫ್ರಾನ್ಸಿಸ್ ಹುಟ್ಟಿದ್ದು 1900ರ ಜುಲೈ 15ರಂದು, ಇಂಡಿಯಾನಾ ರಾಜ್ಯದ ಗ್ಯಾಸ್ ಸಿಟಿಯಲ್ಲಿ. ಬೆಳೆದದ್ದು ಪೆನ್ಸಿಲ್ವೇನಿಯಾದಲ್ಲಿ. ಅವರಿಗೆ 18 ವರ್ಷವಾಗಿದ್ದಾಗ ಫ್ಲೂ ಜಗತ್ತನ್ನೇ ಸುತ್ತಿ ಬಂತು. ಮುಂಬೈ ಬಂದರಿನ ಮೂಲಕ ಒಳಗೆ ಬಂದ ಆ ಜ್ವರಕ್ಕೆ ಭಾರತದಲ್ಲೇ ಕೋಟಿಗೂ ಹೆಚ್ಚು ಜನ ಬಲಿಯಾದರೆಂಬ ಅಂದಾಜಿದೆ. ರೋಗಕ್ಕೆ ಕಾರಣವಾದ ವೈರಸ್ ಯಾವುದೆಂದು ಆಗ ಯಾರಿಗೂ ತಿಳಿದಿರಲಿಲ್ಲ.

ಸಿಆರ್‌ಪಿ ಪತ್ತೆ ಮಾಡಿದವರೂ ಇವರೇ

1925ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ವೈದ್ಯಕೀಯ ಪದವಿ ಪಡೆದ ಫ್ರಾನ್ಸಿಸ್, ನ್ಯೂಯಾರ್ಕ್‌ನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ನ್ಯುಮೋನಿಯಾ ಕುರಿತು ಸಂಶೋಧನೆ ಆರಂಭಿಸಿದರು. 1930ರಲ್ಲಿ ವಿಲಿಯಂ ಟಿಲೆಟ್ ಜೊತೆಗೂಡಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಒಂದು ವಿಶೇಷ ಅಂಶವನ್ನು ಗುರುತಿಸಿದರು. ಕೋವಿಡ್ ಕಾಲದಲ್ಲಿ ಮನೆಮನೆಯ ಮಾತಾದ ಸಿಆರ್‌ಪಿ ಅದೇ.

1933ರಲ್ಲಿ ಲಂಡನ್‌ನ ವಿಜ್ಞಾನಿಗಳು ಮನುಷ್ಯರಲ್ಲಿ ಫ್ಲೂ ತರುವ ವೈರಸ್ಸನ್ನು ಪತ್ತೆ ಹಚ್ಚಿದರು. ಮರುವರ್ಷವೇ ಫ್ರಾನ್ಸಿಸ್, ಪೋರ್ಟೊರಿಕೊದ ರೋಗಿಗಳ ಮಾದರಿಯಿಂದ ಅದನ್ನು ಬೇರ್ಪಡಿಸಿದರು. ಅಮೆರಿಕದಲ್ಲಿ ಈ ಕೆಲಸ ಮಾಡಿದ ಮೊದಲಿಗರು ಅವರು. 1940ರಲ್ಲಿ ಅವರಿಗೆ ಇನ್ನೊಂದು ಬಗೆಯ ಫ್ಲೂ ವೈರಸ್ ಸಿಕ್ಕಿತು. ಇಂದು ಅದನ್ನು 'ಬಿ' ಎಂದು ಕರೆಯುತ್ತಾರೆ. ಫ್ಲೂ ಒಂದೇ ವೈರಸ್ಸಿನ ಕಾಯಿಲೆಯಲ್ಲ ಎಂಬುದು ಆಗ ಖಚಿತವಾಯಿತು.

ಸೈನಿಕರಿಗಾಗಿ ಬಂದ ಲಸಿಕೆ

1941ರಲ್ಲಿ ಫ್ರಾನ್ಸಿಸ್ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಬಂದರು. ಎರಡನೇ ಮಹಾಯುದ್ಧದ ಸಮಯವದು. 1918ರ ಸಾವುಗಳನ್ನು ಮರೆಯದ ಅಮೆರಿಕ ಸೇನೆ, ಫ್ಲೂ ತಡೆಯುವ ಹೊಣೆಯನ್ನು ಅವರ ನೇತೃತ್ವದ ಆಯೋಗಕ್ಕೆ ವಹಿಸಿತು. ಅವರ ಹಳೆಯ ವಿದ್ಯಾರ್ಥಿಯೊಬ್ಬರೂ 1942ರಲ್ಲಿ ಬಂದು ಸೇರಿಕೊಂಡರು. ಮುಂದೆ ಪೋಲಿಯೊ ಲಸಿಕೆಯಿಂದ ಜಗತ್ಪ್ರಸಿದ್ಧರಾದ ಜೋನಸ್ ಸಾಲ್ಕ್ ಅವರೇ ಆ ಯುವಕ.

ವೈರಸ್ಸನ್ನು ಕೋಳಿಮೊಟ್ಟೆಯಲ್ಲಿ ಬೆಳೆಸಿ, ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿ ಲಸಿಕೆ ತಯಾರಿಸಲಾಯಿತು. ಆರಂಭದ ಕೆಲವು ಪರೀಕ್ಷೆಗಳು ಮಾನಸಿಕ ಆಸ್ಪತ್ರೆಗಳಲ್ಲಿ ನಡೆದವು. ಅಲ್ಲಿನ ರೋಗಿಗಳಿಗೆ ಬೇಕೆಂದೇ ವೈರಸ್ ಸೋಕಿಸಲಾಗಿತ್ತು. ಇಂದಾದರೆ ಅಂಥ ಪ್ರಯೋಗಕ್ಕೆ ಅನುಮತಿ ಸಿಗಲಾರದು. ಈ ಲಸಿಕೆಯ ಚರಿತ್ರೆಯಲ್ಲಿ ಅದೊಂದು ಕಪ್ಪುಚುಕ್ಕೆ.

1943ರ ಕೊನೆಗೆ, ಸೇನಾ ತರಬೇತಿಯಲ್ಲಿದ್ದ ಸುಮಾರು 12,500 ವಿದ್ಯಾರ್ಥಿಗಳ ಮೇಲೆ ದೊಡ್ಡ ಪರೀಕ್ಷೆ ನಡೆಯಿತು. ಅರ್ಧದಷ್ಟು ಮಂದಿಗೆ ಲಸಿಕೆ ಕೊಟ್ಟು, ಉಳಿದವರಿಗೆ ಔಷಧವಿಲ್ಲದ ಸೂಜಿ ಹಾಕಲಾಯಿತು. ಲಸಿಕೆ ಪಡೆಯದವರಿಗೆ ಹೋಲಿಸಿದರೆ ಪಡೆದವರಲ್ಲಿ ಫ್ಲೂ ಬಂದದ್ದು ಮೂರನೇ ಒಂದರಷ್ಟು ಮಾತ್ರ. ಲಸಿಕೆ ಗೆದ್ದಿತೆಂದೇ ಎಲ್ಲರೂ ಭಾವಿಸಿದರು.

ಕೈಕೊಟ್ಟ 1947

1947ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಲ್ಲೇ ಫ್ಲೂ ಹಬ್ಬಿತು. ಲಸಿಕೆ ಪಡೆದ ವಿದ್ಯಾರ್ಥಿಗಳೂ ಪಡೆಯದವರೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಮಲಗಿದರು. ಫ್ರಾನ್ಸಿಸ್ ಮತ್ತು ಸಾಲ್ಕ್ ಈ ಸೋಲನ್ನು ಮುಚ್ಚಿಡಲಿಲ್ಲ. ಅಂಕಿ ಅಂಶಗಳ ಸಮೇತ ಪ್ರಕಟಿಸಿದರು. ಲಸಿಕೆ ತಯಾರಿಕೆಯಲ್ಲಿ ದೋಷವಿರಲಿಲ್ಲ, ವೈರಸ್ಸೇ ರೂಪ ಬದಲಿಸಿತ್ತು. ಹಳೆಯ ವೈರಸ್ಸಿನ ಲಸಿಕೆ ಹೊಸದನ್ನು ಗುರುತಿಸಲಿಲ್ಲ.

ಲಸಿಕೆಯೂ ವೈರಸ್ಸಿನ ಜೊತೆ ಬದಲಾಗುತ್ತಿರಬೇಕು ಎಂಬ ಪಾಠ ಅಲ್ಲಿಂದ ಬಂತು. 1952ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಫ್ಲೂ ಮೇಲೆ ಕಣ್ಣಿಡುವ ಜಾಲ ಕಟ್ಟಿತು. ಈಗ ವರ್ಷಕ್ಕೆರಡು ಬಾರಿ, ಲಸಿಕೆಯಲ್ಲಿ ಯಾವ ವೈರಸ್‌ಗಳಿರಬೇಕೆಂದು ಅದು ಸಲಹೆ ಕೊಡುತ್ತದೆ.

1955ರ ಏಪ್ರಿಲ್ 12ರಂದು ಫ್ರಾನ್ಸಿಸ್ ಮತ್ತೆ ಸುದ್ದಿಯಾದರು. ಸಾಲ್ಕ್ ಅವರ ಪೋಲಿಯೊ ಲಸಿಕೆಯನ್ನು ಸುಮಾರು 18 ಲಕ್ಷ ಮಕ್ಕಳು ಪಾಲ್ಗೊಂಡ ಪ್ರಯೋಗದಲ್ಲಿ ಪರಿಶೀಲಿಸಿ, ಅದು ಸುರಕ್ಷಿತ ಮತ್ತು ಪರಿಣಾಮಕಾರಿ ಎಂದು ಘೋಷಿಸಿದ್ದು ಅವರೇ. ಶಿಷ್ಯನ ಲಸಿಕೆಯೆಂದು ಲೆಕ್ಕದಲ್ಲಿ ಸಡಿಲ ಬಿಡಲಿಲ್ಲ. 1969ರ ಅಕ್ಟೋಬರ್ 1ರಂದು ಮಿಷಿಗನ್‌ನ ಆನ್ ಆರ್ಬರ್‌ನಲ್ಲಿ ಅವರು ನಿಧನರಾದರು.

ದಮ್ಮು ಇರುವವರಿಗೆ ಯಾಕೆ ಮುಖ್ಯ?

1957ರ ಏಷ್ಯನ್ ಫ್ಲೂನಲ್ಲಿ ವಯಸ್ಸಾದವರು ಮತ್ತು ಹಳೆಯ ಕಾಯಿಲೆ ಇದ್ದವರೇ ಹೆಚ್ಚು ನಲುಗಿದರು. 1960ರಲ್ಲಿ ಅಮೆರಿಕ ಸರ್ಕಾರ, 65 ದಾಟಿದವರು, ಗರ್ಭಿಣಿಯರು, ಹೃದಯ ಮತ್ತು ಶ್ವಾಸಕೋಶದ ದೀರ್ಘಕಾಲದ ಕಾಯಿಲೆ ಇರುವವರು ಪ್ರತಿವರ್ಷ ಲಸಿಕೆ ಪಡೆಯಲಿ ಎಂದು ಸಲಹೆ ಮಾಡಿತು. ಗಟ್ಟಿಮುಟ್ಟಾದ ಸೈನಿಕರಿಗಾಗಿ ಬಂದ ಲಸಿಕೆ, ಉಸಿರಿಗೆ ಕಷ್ಟಪಡುವವರ ಕಡೆ ತಿರುಗಿದ್ದು ಹೀಗೆ.

ಸಿಒಪಿಡಿ ಇರುವವರ ಉಸಿರಿನ ನಾಳಗಳು ಮೊದಲೇ ಕಿರಿದಾಗಿರುತ್ತವೆ. ಫ್ಲೂ ಬಂದರೆ ಊತ, ಕಫ ಹೆಚ್ಚಿ ದಮ್ಮು ಉಲ್ಬಣಿಸುತ್ತದೆ. ವೈರಸ್ ಹಾಳುಗೆಡವಿದ ಒಳಪದರದ ಮೂಲಕ ಬ್ಯಾಕ್ಟೀರಿಯಾ ನುಗ್ಗಿ ನ್ಯುಮೋನಿಯಾ ಆಗಬಹುದು. ಲಸಿಕೆ ಪಡೆದರೆ ಫ್ಲೂ ಬರುವುದೇ ಇಲ್ಲ ಎಂದಲ್ಲ. ಆದರೆ ಕಾಯಿಲೆ ಉಲ್ಬಣಿಸುವ ಸಂಭವ ಕಡಿಮೆಯಾಗುತ್ತದೆ. ಇಂಥವರಿಗೆ ಕೊಡುವುದು ನಿಷ್ಕ್ರಿಯ ವೈರಸ್ಸಿನ ಸೂಜಿ, ಅದರಿಂದ ಫ್ಲೂ ಬರುವುದಿಲ್ಲ. ಮೂಗಿಗೆ ಸಿಂಪಡಿಸುವ ಜೀವಂತ ವೈರಸ್ಸಿನ ಲಸಿಕೆಯನ್ನು ಸಾಮಾನ್ಯವಾಗಿ ಇವರಿಗೆ ಕೊಡುವುದಿಲ್ಲ.

ಲಸಿಕೆಯ ರಕ್ಷಣೆ ಸಿಗಲು ಸುಮಾರು ಎರಡು ವಾರ ಬೇಕು. ಭಾರತದ ಹೆಚ್ಚಿನ ಕಡೆ ಮಳೆಗಾಲದಲ್ಲಿ, ಉತ್ತರದಲ್ಲಿ ಚಳಿಗಾಲದಲ್ಲೂ ಫ್ಲೂ ಏರುತ್ತದೆ. ಹಾಗಾಗಿ ಮುಂಬೈಯಲ್ಲಿರಲಿ, ದೆಹಲಿಯಲ್ಲಿರಲಿ, ನಿಮ್ಮ ಊರಿಗೆ ಯಾವ ತಿಂಗಳು ಸೂಕ್ತ ಎಂಬುದನ್ನು ಸೀಸನ್ ಶುರುವಾಗುವ ಮೊದಲೇ ವೈದ್ಯರಲ್ಲಿ ಕೇಳಿಕೊಳ್ಳುವುದು ಒಳ್ಳೆಯದು. ಹೋದ ವರ್ಷದ ಸೂಜಿ ಹೋದ ವರ್ಷದ ವೈರಸ್ಸಿಗೆ.