ಕಿಟ್ಟೆಲ್ ಅಯ್ಯನವರ ಚರಿತ್ರೆ

ಕನ್ನಡ ಓದಬಲ್ಲವರಲ್ಲಿ ಕಿಟ್ಟೆಲ್ ಎಂಬ ಹೆಸರನ್ನು ಕೇಳದವರು ವಿರಳ. ಅವರು ರಚಿಸಿದ ಕನ್ನಡ-ಇಂಗ್ಲಿಷ್ ನಿಘಂಟು 1894ನೆಯ ಇಸವಿಯಲ್ಲಿ ಮಂಗಳೂರಿನ ಬಾಸೆಲ್ ಮಿಶನಿನವರಿಂದ ಪ್ರಕಟವಾಯಿತು. ಅದಕ್ಕೆ 1752 ಪುಟಗಳುಂಟು. ಪದಗಳು ಸುಮಾರು 70,000. ಆ ಗ್ರಂಥವನ್ನು ಕಂಡವರು ಅದರ ಗಾತ್ರಕ್ಕೆ ಬೆರಗಾಗುವದು ಸಹಜವೇ. ನಮಗಾದರೋ ಬೇರೊಂದು ಸಂಗತಿಯು ಅದಕ್ಕಿಂತ ಹೆಚ್ಚು ಆಶ್ಚರ್ಯಕರವಾಗಿ ತೋರುತ್ತದೆ. ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಒಂದೇ ಕೆಲಸದಲ್ಲಿ ಒಬ್ಬ ಮನುಷ್ಯನ ಬಲವು ಹ್ಯಾಗೆ ಸಾಲಿತು? ಮೊದಲನೆಯ ಉಳುಮೆಯಲ್ಲಿ ಯಾರಿಗೆ ತಾನೇ ಹುರುಪಿಲ್ಲ? ಬಾವಿ ತೋಡುವದಕ್ಕೆ ಹಾರೆ ಹಿಡಿದು ಹೋದವರು ನಮ್ಮ ಊರುಗಳಲ್ಲಿ ಎಷ್ಟೋ ಮಂದಿ. ಮೂರಾಳುದ್ದ ಇಳಿದ ಮೇಲೆ ಬಂಡೆ ಸಿಕ್ಕಿತೆಂದು ಬಿಟ್ಟುಬಂದವರೂ ಅಷ್ಟೇ ಮಂದಿ. ಕಿಟ್ಟೆಲ್ ಅಯ್ಯನವರಿಗೂ ಬಂಡೆಗಳು ಸಿಕ್ಕದೆ ಇರಲಿಲ್ಲ. ಆದಕಾರಣ ಅವರ ಚರಿತ್ರೆಯನ್ನು, ಮುಖ್ಯವಾಗಿ ಅವರು ನಮ್ಮ ಕೊಡಗಿನ ಮಡಿಕೇರಿಯಲ್ಲಿದ್ದ ಕಾಲದ ಕೆಲಸವನ್ನು, ಇಲ್ಲಿ ವಿವರಿಸುತ್ತೇವೆ.

ಗೇಯೋರ್ಗ್ ಫೆರ್ಡಿನೆಂಡ್ ಕಿಟ್ಟೆಲ್ ಅವರು 1832ನೆಯ ಇಸವಿ ಏಪ್ರಿಲ್ ತಿಂಗಳಲ್ಲಿ ಜರ್ಮನಿ ದೇಶದ ಉತ್ತರದ ಕಡಲಂಚಿನಲ್ಲಿರುವ ಓಸ್ಟ್‌ಫ್ರೀಸ್‌ಲಾಂಡ್ ಎಂಬ ಸೀಮೆಯ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆಯು ಅಲ್ಲಿಯ ಸಭಾಪಾಲಕರು. ಆ ಸೀಮೆಯಲ್ಲಿ ಬೆಟ್ಟವೆಂಬದೇ ಇಲ್ಲ. ಕಣ್ಣು ಹಾಯುವಷ್ಟು ದೂರವೂ ಸಮವಾದ ಬಯಲು, ಅದರಾಚೆ ಸಮುದ್ರ. ಅಲ್ಲಿ ಬೆಳೆದವರು ಮುಂದೆ ಮಡಿಕೇರಿಯ ಬೆಟ್ಟದ ಮೇಲೆ ಮನೆಮಾಡಬೇಕಾಯಿತು. ಅವರು 1850ರಲ್ಲಿ ಬಾಸೆಲ್ ಪಟ್ಟಣದ ಮಿಶನ್ ಪಾಠಶಾಲೆಯನ್ನು ಸೇರಿ, 1853ರಲ್ಲಿ, ತಮ್ಮ ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಹಿಂದೂಸ್ಥಾನಕ್ಕೆ ಬಂದರು. ಮೊದಲು ಧಾರವಾಡ ಪ್ರಾಂತದಲ್ಲಿ ನಿಂತು ಕನ್ನಡವನ್ನು ಕಲಿತರು. ಕನ್ನಡದ ಸಂಗಡ ಸಂಸ್ಕೃತವನ್ನೂ ಹಿಡಿದರು. ಯಾಕಂದರೆ ಹಳೆಯ ಕನ್ನಡ ಕಾವ್ಯಗಳ ಬಾಗಿಲು ಸಂಸ್ಕೃತ ತಿಳಿಯದವನಿಗೆ ಅರ್ಧ ಮಾತ್ರ ತೆರೆಯುವದೆಂದು ಅವರಿಗೆ ಬೇಗನೆ ತಿಳಿಯಿತು.

ಅದೇ 1853ನೆಯ ಇಸವಿಯಲ್ಲಿ ಹೆರ್ಮನ್ ಮೋಗ್ಲಿಂಗ್ ಅಯ್ಯನವರು ಕೊಡಗಿಗೆ ಬಂದರು. ಇವರ ವಿಷಯವನ್ನು ಸ್ವಲ್ಪ ಹೇಳದೆ ಕಿಟ್ಟೆಲ್ಲರ ಚರಿತ್ರೆಯು ಸರಿಯಾಗಿ ಅರ್ಥವಾಗದು. ಮೋಗ್ಲಿಂಗರು 1836ರಲ್ಲಿ ಮಂಗಳೂರಿಗೆ ಬಂದವರು. ಕನ್ನಡದ ಮೊದಲನೆಯ ವರ್ತಮಾನ ಪತ್ರಿಕೆಯಾದ ಮಂಗಳೂರು ಸಮಾಚಾರವನ್ನು 1843ನೆಯ ಜುಲೈ 1ರಂದು ಹೊರಡಿಸಿದವರು ಅವರೇ. ಹಳೆಯ ಕಾವ್ಯಗಳನ್ನೂ ದಾಸರ ಪದಗಳನ್ನೂ ಕೂಡಿಸಿ ಕಲ್ಲಚ್ಚಿನಲ್ಲಿ ಮುದ್ರಿಸಿದವರೂ ಅವರೇ. ಕೊಡಗಿನಲ್ಲಿ ಅಲ್ಮಂಡ ಮನೆತನದ ಸೋಮಯ್ಯನವರು ಕ್ರೈಸ್ತರಾದ ಸಮಯದಲ್ಲಿ ಅವರ ಬಳಿಗೆ ಬಂದು ನಿಂತು, ಮುಂದೆ ಗದ್ದೆಗಳಲ್ಲಿ ಜೀತಕ್ಕಿದ್ದ ಬಡ ಕುಟುಂಬಗಳಿಗಾಗಿ ಆನಂದಪುರವನ್ನು ಕಟ್ಟಿಸಿದರು. ಕೈ ಹಾಕಿದ ಕಡೆಯಲ್ಲೆಲ್ಲಾ ಹೊಸದೊಂದು ಹುಟ್ಟಿಸುವ ಪುರುಷರು ಅವರು. ಆದರೂ 1860ರಲ್ಲಿ ಅವರು ಕೊಡಗನ್ನು ಬಿಟ್ಟು ಸ್ವದೇಶಕ್ಕೆ ಹೋಗಬೇಕಾಯಿತು, ತಿರಿಗಿ ಬರಲಿಲ್ಲ. ಅವರು ಹಚ್ಚಿದ ಬೆಂಕಿಯು ದೊಡ್ಡದು, ಅನೇಕ ಕಡೆಗಳಲ್ಲಿ ಹತ್ತಿತು. ಕಿಟ್ಟೆಲ್ಲರ ಬೆಂಕಿಯು ಬೇರೆ ವಿಧದ್ದು. ನಮ್ಮ ತಾಯಂದಿರು ರಾತ್ರಿ ಒಲೆಯ ಕೆಂಡವನ್ನು ಬೂದಿಯಲ್ಲಿ ಮುಚ್ಚಿಟ್ಟು ಬೆಳಿಗ್ಗೆ ಊದಿ ಎಬ್ಬಿಸುತ್ತಾರಲ್ಲವೇ? ಅಂಥಾದ್ದು. ಇವೆರಡರಲ್ಲಿ ಯಾವದು ಮೇಲೆಂದು ಕೇಳಿದರೆ ನಾವು ಉತ್ತರ ಹೇಳಲಾರೆವು. ಮೋಗ್ಲಿಂಗರು ಹಳೆಯ ಕಾವ್ಯಗಳನ್ನು ಅಚ್ಚುಮಾಡಿ ಇಡದಿದ್ದರೆ ಕಿಟ್ಟೆಲ್ಲರಿಗೆ ಪದಗಳನ್ನು ಆರಿಸುವ ಕೆಲಸವು ಇನ್ನೆಷ್ಟೋ ಕಷ್ಟವಾಗುತ್ತಿತ್ತು.

ಕಿಟ್ಟೆಲ್ಲರು 1860ರಲ್ಲಿ ಪೌಲೀನೆ ಐತ್ ಎಂಬವರನ್ನು ಮದುವೆಯಾದರು. 1862ರಲ್ಲಿ ಕಥಾಮಾಲೆ ಎಂಬ ಅವರ ಪುಸ್ತಕವು ಪ್ರಕಟವಾಯಿತು. ಅದು ಕ್ರಿಸ್ತನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ಹಾಡಿದ ಗ್ರಂಥ. ಪರದೇಶದವರೊಬ್ಬರು ಒಂಬತ್ತೇ ವರ್ಷಗಳಲ್ಲಿ ಕನ್ನಡದ ಪದ್ಯ ಕಟ್ಟುವಷ್ಟು ಕಲಿತರೆಂಬದು ಸಾಮಾನ್ಯ ಸಂಗತಿಯಲ್ಲ. ಆದರೆ ಮದುವೆಯಾಗಿ ನಾಲ್ಕು ವರ್ಷಗಳು ತುಂಬುವಷ್ಟರಲ್ಲಿ, 1864ರಲ್ಲಿ, ಆ ಹೆಂಡತಿಯು ತೀರಿಕೊಂಡರು. ಹೆಂಡತಿಯನ್ನು ಮಣ್ಣಿಗೆ ಒಪ್ಪಿಸಿ ಬಂದವನಿಗೆ ಮಾರನೆಯ ದಿನ ಗುದ್ದಲಿ ಹಿಡಿಯುವದು ಎಷ್ಟು ಭಾರವೋ ಪುಸ್ತಕ ಹಿಡಿಯುವದೂ ಅಷ್ಟೇ ಭಾರ. 1867ರಲ್ಲಿ ಪೌಲೀನೆಯವರ ಸಹೋದರಿಯಾದ ಯೂಲಿಯೆಯವರನ್ನು ಅವರು ಮದುವೆಯಾದರು. ಈ ಅಮ್ಮನವರ ಹೆಸರನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುವದು.

ಇನ್ನು ಮಡಿಕೇರಿಯ ಕಾಲ. ಕೊಡಗು ಆಗ ಇಂಗ್ಲಿಷರ ಕೈಸೇರಿ ನಾಲ್ವತ್ತು ವರ್ಷಗಳಾಗುತ್ತಾ ಬಂದಿದ್ದವು. ಬೆಟ್ಟದ ಇಳಿಜಾರುಗಳಲ್ಲಿ ಕಾಡು ಕಡಿದು ಕಾಫಿ ತೋಟಗಳನ್ನು ಹಾಕುತ್ತಿದ್ದರು. ಮಳೆಗಾಲದಲ್ಲಿ ಮಡಿಕೇರಿಯು ಹ್ಯಾಗಿರುತ್ತದೆಂದು ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ. ಕಾಗದವು ತೇವದಿಂದ ಮೆತ್ತಗಾಗುವ, ಓಲೆಗರಿಗೆ ಬೂಷ್ಟು ಹಿಡಿಯುವ ಊರು; ಹಳೆಯ ಗ್ರಂಥಗಳನ್ನು ಹರಡಿಕೊಂಡು ಕೂರುವವರಿಗೆ ಅನುಕೂಲವಾದ ಸ್ಥಳವೆಂದು ಯಾರೂ ಹೇಳರು. ಕಿಟ್ಟೆಲ್ಲರು ಅಲ್ಲಿಂದಲೇ ಒಂದರ ಹಿಂದೊಂದಾಗಿ ಬರಹಗಳನ್ನು ಕಳುಹಿಸುತ್ತಿದ್ದರು. ಕೇಶಿರಾಜನ ಶಬ್ದಮಣಿದರ್ಪಣವೆಂಬ ಹಳೆಯ ವ್ಯಾಕರಣವನ್ನು ಅವರು ಸಂಪಾದಿಸಿದ್ದು 1872ರಲ್ಲಿ ಹೊರಟಿತು. 1873ರಲ್ಲಿ ಇಂಡಿಯನ್ ಆಂಟಿಕ್ವೆರಿ ಎಂಬ ಪತ್ರಿಕೆಯಲ್ಲಿ ಕೊಡಗಿನವರ ನಂಬಿಕೆಗಳನ್ನು ಕುರಿತು, ಗತಿಸಿದ ಹಿರಿಯರಿಗೂ ಭೂತಗಳಿಗೂ ನಡಿಸುವ ಆಚಾರಗಳನ್ನು ಕುರಿತು ಬರೆದರು. ದ್ರಾವಿಡ ಭಾಷೆಗಳ ಎಣಿಕೆಯ ಶಬ್ದಗಳನ್ನು ಕುರಿತು ಇನ್ನೊಂದು ಬರಹ. 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನು ಸಂಪಾದಿಸಿ, ಅದರ ಮುಂದೆ ಕನ್ನಡ ಸಾಹಿತ್ಯದ ಚರಿತ್ರೆಯನ್ನೂ ಬರೆದಿಟ್ಟರು. ಅಂಥಾ ಚರಿತ್ರೆಯನ್ನು ಬರೆದ ಮೊದಲಿಗರಲ್ಲಿ ಅವರೂ ಒಬ್ಬರು.

ಇವನ್ನೆಲ್ಲಾ ಎಣಿಸಿ ನೋಡಿದರೆ ಇವು ಹತ್ತು ಬೇರೆ ಬೇರೆ ಕೆಲಸಗಳೆಂದು ತೋರಬಹುದು. ಹಾಗಲ್ಲ. ವ್ಯಾಕರಣವು ಪದಗಳ ರೂಪವನ್ನು ತೋರಿಸಿತು. ಪದ್ಯದಲ್ಲಿ ಒಂದು ಅಕ್ಷರವು ಗುರುವೋ ಲಘುವೋ ಎಂದು ತಿಳಿಯುವದರಿಂದ ಹಳೆಯ ಪ್ರತಿಕಾರನ ತಪ್ಪು ಹೊರಬೀಳುತ್ತದೆ. ಅದಕ್ಕೆ ಛಂದಸ್ಸು ಬೇಕು. ಎಣಿಕೆಯ ಶಬ್ದಗಳನ್ನು ತಮಿಳು, ಮಲಯಾಳ, ತುಳು, ತೆಲುಗುಗಳ ಸಂಗಡ ಹೋಲಿಸಿದ ಅಭ್ಯಾಸವು ಪದಗಳ ಬಂಧುಬಳಗವನ್ನು ಹುಡುಕುವದಕ್ಕೆ ದಾರಿಯಾಯಿತು. ಹೀಗೆ ಪ್ರತಿಯೊಂದು ಸಣ್ಣ ಕೆಲಸವೂ ಮುಗಿದು ಕೈಸೇರುವಾಗ ದೊಡ್ಡ ಕೆಲಸಕ್ಕೆ ಒಂದು ಹತ್ಯಾರವಾಗಿ ಸೇರುತ್ತಿತ್ತು. ಅವರ ಬಲವು ಬತ್ತದಿದ್ದದಕ್ಕೆ ಮುಖ್ಯ ಕಾರಣವು ಇದೇ ಎಂದು ನಾವು ನೆನಸುತ್ತೇವೆ. ಎಪ್ಪತ್ತು ಸಾವಿರ ಪದಗಳ ಬೆಟ್ಟವನ್ನೇ ದಿನಾಲೂ ದಿಟ್ಟಿಸುತ್ತಾ ಕೂತವನು ಮೂರನೆಯ ವರ್ಷದಲ್ಲಿಯೇ ಸೋತುಹೋಗುತ್ತಿದ್ದನು. ಇವರಿಗೆ ಎರಡು ಮೂರು ವರ್ಷಗಳಿಗೊಮ್ಮೆ ಒಂದು ಸುಗ್ಗಿ ಸಿಕ್ಕುತ್ತಿತ್ತು. ಪ್ರತಿ ಸುಗ್ಗಿಯಲ್ಲಿಯೂ ಮುಂದಿನ ಬಿತ್ತನೆಗೆ ಬೀಜ ಉಳಿಯುತ್ತಿತ್ತು.

ಒಂದು ದೃಷ್ಟಾಂತದಿಂದ ಇದು ಸ್ಪಷ್ಟವಾಗುವದು. ಬಾಳು ಎಂದರೆ ಬದುಕು. ಬಾಳು ಎಂದರೆ ಕತ್ತಿಯೂ ಹೌದು. ಈಗ ನಾವು ಎರಡನ್ನೂ ಒಂದೇ ಅಕ್ಷರದಿಂದ ಬರೆಯುತ್ತೇವೆ. ಪೂರ್ವದಲ್ಲಿ ಹಾಗಿರಲಿಲ್ಲ. ಬದುಕೆಂಬ ಬಾಳಿಗೆ ೞ ಎಂಬ ಬೇರೊಂದು ಅಕ್ಷರವಿತ್ತು; ಕತ್ತಿಯ ಬಾಳಿಗೆ ಮಾತ್ರ ಳ. ಬಾಳೆಯ ಗಿಡವೂ ಹಳಗನ್ನಡದಲ್ಲಿ ಬಾೞೆಯೇ. ನಮ್ಮ ನೆರೆಯ ಮಲಯಾಳದವರು ಬಾಳೆಯ ಹೆಸರನ್ನು ಹೇಳುವಾಗ ಆ ಧ್ವನಿಯು ಇಂದಿಗೂ ಕೇಳಿಬರುತ್ತದೆ. ಅಮ್ಮತ್ತಿ, ಸಿದ್ದಾಪುರದ ಸಂತೆಗಳಿಗೆ ಹೋಗುವವರು ಕಿವಿಗೊಟ್ಟು ಕೇಳಿ ನೋಡಲಿ. ಕೂಲಿಯ ಆಳಿಗೆ ಳ, ಬಾವಿಯ ಆಳಕ್ಕೆ ೞ. ಕನ್ನಡಿಗರ ನಾಲಿಗೆಯಿಂದ ಈ ಧ್ವನಿಯು ಜಾರಿಹೋಗಿ ಶತಮಾನಗಳಾಗಿದ್ದವು. ಕೇಶಿರಾಜನು ತನ್ನ ವ್ಯಾಕರಣದಲ್ಲಿ ಆ ಅಕ್ಷರವುಳ್ಳ ಪದಗಳನ್ನು ಕೂಡಿಸಿ ಇಟ್ಟಿದ್ದನು. ಆ ವ್ಯಾಕರಣವನ್ನು ಸಂಪಾದಿಸಿದ ಕಿಟ್ಟೆಲ್ಲರು ತಮ್ಮ ನಿಘಂಟಿನಲ್ಲಿ ೞ ಅಕ್ಷರವನ್ನೂ, ಅದರಂತೆಯೇ ಮರೆತುಹೋಗಿದ್ದ ಱ ಅಕ್ಷರವನ್ನೂ ಅವುಗಳ ಸ್ಥಾನದಲ್ಲಿ ತಿರಿಗಿ ಕೂರಿಸಿದರು.

ನಿಘಂಟಿನಲ್ಲಿರುವದು ಬರೀ ಕವಿಗಳ ಮಾತೇ ಎಂದು ಯಾರೂ ತಿಳಿಯಬಾರದು. ಕವಿಯು ಆಡಿದ ಮಾತಿನ ಪಕ್ಕದಲ್ಲಿಯೇ ಒಕ್ಕಲಿಗನು ಆಡಿದ ಮಾತೂ ಇದೆ. ಗಾದೆಗಳು ಪುಟಪುಟದಲ್ಲಿ ಸಿಕ್ಕುತ್ತವೆ. ಅವು ಗಾದೆಗಳೆಂದು ಗುರುತು ಹಾಕಿ ಕೊಟ್ಟಿದ್ದಾರೆ. ಈ ನಾಡಿನ ಪಂಡಿತರು ಅನೇಕರು ಅವರ ಮಗ್ಗುಲಲ್ಲಿ ಕೂತು ಸಹಾಯ ಮಾಡಿದರು. ಅವರಿಗಿಂತ ಮುಂಚೆ ರೀವ್ ಅಯ್ಯನವರು ಮಾಡಿದ್ದ ನಿಘಂಟು ಇತ್ತು. ಆದರೆ ಪದವು ಎಲ್ಲಿಂದ ಬಂತು, ಯಾವ ಗ್ರಂಥದಲ್ಲಿದೆ, ಅದಕ್ಕೆ ಬಂಧುವಾದ ಪದವು ಯಾವ ಭಾಷೆಯಲ್ಲಿ ಉಂಟು ಎಂದು ಇಷ್ಟು ವಿಸ್ತಾರವಾಗಿ ಕೇಳಿದವರು ಅದುವರೆಗೆ ಇರಲಿಲ್ಲ. ಕನ್ನಡವು ಸಂಸ್ಕೃತದಿಂದ ಸಾಲ ತಕ್ಕೊಂಡದ್ದನ್ನು ಎಲ್ಲರೂ ಬಲ್ಲರು. ಸಂಸ್ಕೃತವೂ ದ್ರಾವಿಡ ಭಾಷೆಗಳಿಂದ ಸಾಲ ತಕ್ಕೊಂಡಿತೆಂದು ಕಿಟ್ಟೆಲ್ಲರು ತಮ್ಮ ಮುನ್ನುಡಿಯಲ್ಲಿ ಪದಗಳ ಪಟ್ಟಿಯನ್ನೇ ಕೊಟ್ಟು ವಾದಿಸಿದ್ದಾರೆ. ಆ ಪಟ್ಟಿಯ ಕೆಲವು ಪದಗಳನ್ನು ಮುಂದಿನ ಪಂಡಿತರು ಒಪ್ಪಲಿಲ್ಲ. ಮೂಲವಾದ ಮಾತನ್ನು ಒಪ್ಪಿದರು.

ಸುವಾರ್ತೆ ಸಾರುವದಕ್ಕೆ ಬಂದವರು ಪದ ಕೂಡಿಸುತ್ತಾ ಕೂರುವದು ತಕ್ಕದ್ದೋ ಎಂದು ಕೇಳುವವರು ಅಂದೂ ಇದ್ದರು. ಆ ಪ್ರಶ್ನೆಯನ್ನು ಹಗುರವಾಗಿ ತಳ್ಳಿಬಿಡಲಾಗದು; ದೂರದೇಶದ ಬಡವರು ಸಹಾ ಕಾಸು ಕೂಡಿಸಿ ಕಳುಹಿಸಿದ ಹಣದಿಂದ ಮಿಶನರಿಗಳ ಜೀವನವು ನಡಿಯುತ್ತಿತ್ತು. ಆದರೆ ನಮ್ಮ ಸಭೆಗಳಲ್ಲಿ ಉಪದೇಶಿಗಳು ಮಾತಾಡಿದ ಕನ್ನಡವು ಕನ್ನಡಿಗರ ಕಿವಿಗೆ ಪರಕೀಯವಾಗಿ ಕೇಳಿಸಿದ್ದುಂಟೆಂಬದನ್ನು ಬಲ್ಲ ನಾವು ಕಿಟ್ಟೆಲ್ಲರ ಪಕ್ಷವನ್ನೇ ಹಿಡಿಯುತ್ತೇವೆ.

1877ರಲ್ಲಿ ಅವರು ಕುಟುಂಬದೊಂದಿಗೆ ಜರ್ಮನಿಗೆ ಹೋದರು. ಅವರಿಗೆ ಆಗ ನಾಲ್ವತ್ತೈದು ವಯಸ್ಸು. ಅಲ್ಲಿಯೇ ಉಳಿದಿದ್ದರೂ ಯಾರೂ ದೂರುತ್ತಿರಲಿಲ್ಲ. ಆದರೆ ಅಲ್ಲಿ ಕೂತು ಈ ಕೆಲಸವು ಮುಗಿಯುವ ಹಾಗಿರಲಿಲ್ಲ. ಒಂದು ಪದದ ಅರ್ಥದಲ್ಲಿ ಸಂದೇಹ ಬಂದರೆ ಕೇಳುವದಕ್ಕೆ ಅಲ್ಲಿ ಕನ್ನಡ ಪಂಡಿತರು ಎಲ್ಲಿದ್ದಾರೆ? ಸಂತೆಯ ಮಾತು ಎಲ್ಲಿ ಕೇಳೀತು? ಮೋಗ್ಲಿಂಗರು 1881ರಲ್ಲಿ ಎಸ್ಲಿಂಗನ್ ಪಟ್ಟಣದಲ್ಲಿ ನಿಧನಹೊಂದಿದರು. ಅದಾದ ಎರಡು ವರ್ಷಗಳ ಮೇಲೆ, 1883ರಲ್ಲಿ, ಐವತ್ತು ದಾಟಿದ ಕಿಟ್ಟೆಲ್ಲರು ಹೆಂಡತಿಮಕ್ಕಳನ್ನು ಜರ್ಮನಿಯಲ್ಲಿಯೇ ಬಿಟ್ಟು ಒಬ್ಬರೇ ತಿರಿಗಿ ಹಡಗು ಹತ್ತಿದರು. ಈ ಸಾರಿ ಬಂದದ್ದು ನಿಘಂಟಿಗಾಗಿಯೇ. 1892ರ ವರೆಗೆ ಇಲ್ಲಿದ್ದರು.

ಒಂಬತ್ತು ವರ್ಷಗಳು. ಕಾಫಿ ತೋಟದ ಕೂಲಿಗೆಂದು ಘಟ್ಟ ಹತ್ತಿ, ಹೆಂಡತಿಮಕ್ಕಳನ್ನು ಊರಲ್ಲಿ ಬಿಟ್ಟು, ವರ್ಷಕ್ಕೊಮ್ಮೆ ಮನೆ ಕಾಣುವ ಜನರು ನಮ್ಮ ಮಧ್ಯದಲ್ಲಿದ್ದಾರೆ; ಅವರಿಗೆ ಈ ಲೆಕ್ಕವು ಚೆನ್ನಾಗಿ ತಿಳಿಯುವದು. ಆದರೆ ಅವರು ವರ್ಷಕ್ಕೊಮ್ಮೆಯಾದರೂ ಇಳಿದು ಹೋಗುತ್ತಾರೆ. ಕಿಟ್ಟೆಲ್ಲರು ಪದಗಳ ಮಧ್ಯದಲ್ಲಿದ್ದಾಗ ಮನೆಯ ಭಾರವನ್ನೆಲ್ಲಾ ಹೊತ್ತವರು ಯೂಲಿಯೆ ಅಮ್ಮನವರು. ಕಿಟ್ಟೆಲ್ಲರ ಎಡೆಬಿಡದ ಶಕ್ತಿಯನ್ನು ಹೊಗಳುವವರು ಆ ಶಕ್ತಿಯಲ್ಲಿ ಒಂದು ಪಾಲು ಮತ್ತೊಬ್ಬರಿಂದ ಬಂತೆಂಬದನ್ನು ಮರೆಯುವದು ನಮಗೆ ಸರಿ ಕಾಣುವದಿಲ್ಲ. ಅವರು ಬಿಟ್ಟುಬಂದದ್ದು ಒಳ್ಳೇದೋ ಕೆಟ್ಟದ್ದೋ ಎಂದು ನಿರ್ಣಯಿಸುವದು ನಮ್ಮ ಕೆಲಸವಲ್ಲ. ಬೆಲೆಯು ದೊಡ್ಡದಾಗಿತ್ತು, ಮತ್ತು ಅದನ್ನು ಅವರೊಬ್ಬರೇ ತೆರಲಿಲ್ಲವೆಂದು ಮಾತ್ರ ಹೇಳುತ್ತೇವೆ.

ಅರುವತ್ತನೆಯ ವಯಸ್ಸಿನಲ್ಲಿ ಅವರು ಮನೆಗೆ ಮರಳಿ ಟ್ಯೂಬಿಂಗನ್ ಪಟ್ಟಣದಲ್ಲಿ ನೆಲೆಸಿದರು. ಎರಡು ವರ್ಷಗಳ ಮೇಲೆ ನಿಘಂಟು ಹೊರಟಿತು. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾನಿಲಯದವರು ಅವರಿಗೆ ಡಾಕ್ಟರ್ ಎಂಬ ಗೌರವ ಪದವಿಯನ್ನು ಕೊಟ್ಟರು. 1858ರಲ್ಲಿ ಅದೇ ವಿಶ್ವವಿದ್ಯಾನಿಲಯವು ಮೋಗ್ಲಿಂಗರನ್ನೂ ಹೀಗೆಯೇ ಗೌರವಿಸಿತ್ತು. ಇಷ್ಟಾದ ಮೇಲೆ ವಿಶ್ರಾಂತಿಗೆ ಏನು ಅಡ್ಡಿ? ಆದರೆ ಅವರು ಪುನಃ ಕೂತು ಇಂಗ್ಲಿಷಿನಲ್ಲಿ ಕನ್ನಡ ವ್ಯಾಕರಣವನ್ನು ಬರೆದರು. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಟ್ಟಿಗೆ ವಿವರಿಸುವ ಆ ಗ್ರಂಥವು 1903ರಲ್ಲಿ ಮಂಗಳೂರಿನಲ್ಲಿ ಮುದ್ರಿತವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ, ತಮ್ಮ ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಕಿಟ್ಟೆಲ್ ಅಯ್ಯನವರು ಟ್ಯೂಬಿಂಗನ್ನಿನಲ್ಲಿ ತೀರಿಕೊಂಡರು.

ಮದ್ರಾಸು ವಿಶ್ವವಿದ್ಯಾನಿಲಯದ ಮರಿಯಪ್ಪ ಭಟ್ಟರು ಆ ನಿಘಂಟನ್ನು ಪರಿಷ್ಕರಿಸಿ, ಹೊಸ ಪದಗಳನ್ನು ಕೂಡಿಸಿ, 1968ರಿಂದ 1971ರೊಳಗೆ 4 ಸಂಪುಟಗಳಾಗಿ ಹೊರಡಿಸಿದರು. ಬಾೞೆಯೂ ಬಾೞೂ ಅದರಲ್ಲಿ ಹಾಗೆಯೇ ಇವೆ.