ಹಕ್ಕಿ ಕೊಲ್ಲದ ಕೋವಿ

ದೀಪಾವಳಿ ರಜೆಗೆ ಊರಿಗೆ, ವಜ್ರಳ್ಳಿಗೆ, ಹೋಗಿದ್ದೆ. ನಮ್ಮ ಕಡೆ ತೋಟದ ಮೇಲೆ ಮಂಗಟ್ಟೆ ಹಕ್ಕಿ ಹಾರಿದರೆ ರೆಕ್ಕೆಯ ಸದ್ದು ಅಂಗಳದ ತನಕ ಕೇಳುತ್ತೆ. ಕ್ಯಾಮೆರಾ ಹಿಡಿದು ಓಡಿದೆ. ನನ್ನ 55–250 ಲೆನ್ಸಿನಲ್ಲಿ ಬಂದದ್ದು ಬೂದು ಆಕಾಶದಲ್ಲಿ ಒಂದು ಸಣ್ಣ ಕಪ್ಪು ಆಕಾರ, ಅದೂ ಅಲುಗಾಡಿದ್ದು. ಮುಂದಿನ ಏರೋ ಇಂಡಿಯಾಕ್ಕೆ ಯಲಹಂಕಕ್ಕೆ ಹೋಗೋ ಮೊದಲು 150–600 ತಗೊಳ್ಳಲೇಬೇಕು ಅಂತ ಅವತ್ತೇ ನಿಶ್ಚಯ ಮಾಡಿದೆ. ಅಪ್ಪನ ಹತ್ರ ಕೇಳಿದೆ. ಅಪ್ಪ ಬೇಡ ಅನ್ನಲಿಲ್ಲ, ಅದರಲ್ಲಿ ಏನನ್ನ ನೋಡಬೇಕಾಗಿದೆ ಅಂತ ಮಾತ್ರ ಕೇಳಿದ. ಖರ್ಚಾಗೋದು ಅಡಿಕೆ ದುಡ್ಡು, ಕೇಳೋದು ನ್ಯಾಯವೇ. ನನ್ನ ಹತ್ರ ಉತ್ತರ ಇರಲಿಲ್ಲ. ಗೋಡೆ ಮೇಲೆ ಮಂಗ ಓಡಿಸೋ ಕೋವಿ ನೇತಾಡ್ತಿತ್ತು. ಅದನ್ನ ನೋಡ್ತಾ ಒಬ್ಬ ನೆನಪಾದ: 1882ರಲ್ಲಿ ಕೋವಿಯ ನಳಿಗೆಯೊಳಗೆ ಲೆನ್ಸ್ ಕೂರಿಸಿ ಹಕ್ಕಿಗಳಿಗೆ ಗುರಿಯಿಟ್ಟ ಎತಿಯೆನ್-ಜೂಲ್ ಮಾರೆ.

ಮಾರೆ ಹುಟ್ಟಿದ್ದು 1830ರ ಮಾರ್ಚ್ 5ರಂದು, ಫ್ರಾನ್ಸಿನಲ್ಲಿ ದ್ರಾಕ್ಷಾರಸಕ್ಕೆ ಹೆಸರಾದ ಬೋನ್ ಎಂಬ ಊರಲ್ಲಿ. ಹುಡುಗನಿಗೆ ಇಂಜಿನಿಯರ್ ಆಗೋ ಆಸೆ, ಅಪ್ಪನಿಗೆ ಮಗನನ್ನ ಡಾಕ್ಟರ್ ಮಾಡೋ ಆಸೆ. ನಮ್ಮ ಎಷ್ಟೋ ಮನೆಗಳ ಹಾಗೆ ಅಲ್ಲೂ ಅಪ್ಪನೇ ಗೆದ್ದ. 1849ರಲ್ಲಿ ಮಾರೆ ಪ್ಯಾರಿಸ್ಸಿಗೆ ಹೋಗಿ ವೈದ್ಯಕೀಯಕ್ಕೆ ಸೇರಿದ. ಆದರೆ ತಲೆಯೊಳಗಿನ ಇಂಜಿನಿಯರ್ ಎಲ್ಲಿಗೂ ಹೋಗಲಿಲ್ಲ. ಹೃದಯ ಅಂದರೆ ಪಂಪು, ರಕ್ತನಾಳ ಅಂದರೆ ಎಳೆದರೆ ಹಿಗ್ಗೋ ಪೈಪು, ಸ್ನಾಯು ಅಂದರೆ ಮೋಟಾರು. ದೇಹವನ್ನ ಅವನು ನೋಡಿದ್ದೇ ಹಾಗೆ.

1860ರಲ್ಲಿ ಅವನು ನಾಡಿಮಿಡಿತವನ್ನ ಬರೆದಿಡೋ ಒಂದು ಉಪಕರಣ ಮಾಡಿದ. ಮಣಿಕಟ್ಟಿಗೆ ಕಟ್ಟಿದ ಹಗುರ ಸನ್ನೆಕೋಲು ನಾಡಿಯ ಜೊತೆ ಏಳುತ್ತೆ, ಇಳಿಯುತ್ತೆ. ಅದರ ತುದಿ ಮಸಿ ಹಿಡಿಸಿದ ಕಾಗದದ ಮೇಲೆ ಗೆರೆ ಎಳೆಯುತ್ತೆ. ಆಸ್ಪತ್ರೆಯ ಮಾನಿಟರ್ ಮೇಲೆ ಇವತ್ತು ಓಡೋ ಗೆರೆಗೆ ಅದು ಅಜ್ಜನಂಥದ್ದು. ಕಣ್ಣನ್ನ ನಂಬಬಾರದು, ಚಲನೆ ತನ್ನ ಲೆಕ್ಕವನ್ನ ತಾನೇ ಬರೀಬೇಕು ಅನ್ನೋದು ಅವನ ಹಟ. ಜೀವನಪೂರ್ತಿ ಆ ಹಟ ಬಿಡಲಿಲ್ಲ.

ಅಲ್ಲಿಂದ ಅವನ ಗಮನ ಹಾರಾಟದ ಕಡೆ ಹೋಯ್ತು. ಕಣಜದ ರೆಕ್ಕೆಯ ತುದಿಗೆ ಬಂಗಾರದ ಚೂರು ಅಂಟಿಸಿ ಬೆಳಕಿಗೆ ಹಿಡಿದ. ರೆಕ್ಕೆ ಬಡಿದಾಗ ಗಾಳಿಯಲ್ಲಿ ಇಂಗ್ಲಿಷಿನ 8ರ ಆಕಾರ ಮಿಂಚಿತು. ಪಾರಿವಾಳದ ಮೈಗೆ ಸಣ್ಣ ಉಪಕರಣ ಕಟ್ಟಿ, ರಬ್ಬರ್ ಕೊಳವೆಯಿಂದ ಅದರ ರೆಕ್ಕೆಬಡಿತವನ್ನ ಕಾಗದಕ್ಕೆ ತಂದ. ಗುಬ್ಬಿ ಸೆಕೆಂಡಿಗೆ 13 ಸಲ ರೆಕ್ಕೆ ಬಡಿಯುತ್ತೆ, ಪಾರಿವಾಳ 8 ಸಲ ಅನ್ನೋ ಲೆಕ್ಕ ಸಿಕ್ಕಿತು. 1873ರಲ್ಲಿ ಇದನ್ನೆಲ್ಲ ಸೇರಿಸಿ ಪ್ರಾಣಿ ಎಂಬ ಯಂತ್ರದ ಬಗ್ಗೆ ಪುಸ್ತಕ ಬರೆದ. ಆದರೂ ಒಂದು ಕೊರತೆ ಉಳಿದೇ ಇತ್ತು. ಮೈಮೇಲೆ ಪಟ್ಟಿ, ಬೆನ್ನಿಗೆ ಕೊಳವೆ ಕಟ್ಟಿಕೊಂಡ ಹಕ್ಕಿ ಹಾರೋದು ಹಕ್ಕಿಯ ಹಾಗಲ್ಲ. ಅಳೆಯೋ ಉಪಕರಣವೇ ಅಳತೆಯನ್ನ ಕೆಡಿಸ್ತಿತ್ತು. ಲ್ಯಾಬಿನಲ್ಲಿ ಮೀಟರ್ ಸೇರಿಸಿದ ಕೂಡಲೇ ಸರ್ಕ್ಯೂಟಿನ ವೋಲ್ಟೇಜ್ ಇಳಿಯೋದನ್ನ ಕಂಡವರಿಗೆ ಈ ಸಂಕಟ ಗೊತ್ತು.

1878ರ ಕೊನೆಗೆ ಒಂದು ಪತ್ರಿಕೆಯಲ್ಲಿ ಓಡೋ ಕುದುರೆಯ ಫೋಟೋಗಳು ಅವನ ಕಣ್ಣಿಗೆ ಬಿದ್ದವು. ಸಾಲಾಗಿ ಕ್ಯಾಮೆರಾ ಇಟ್ಟು ಅಮೆರಿಕದಲ್ಲಿ ಮೈಬ್ರಿಜ್ ತೆಗೆದವು. ಹಕ್ಕಿಗಳನ್ನೂ ಹೀಗೇ ತೆಗೀರಿ ಅಂತ ಮಾರೆ ಕೇಳಿಕೊಂಡ. 1881ರಲ್ಲಿ ಮೈಬ್ರಿಜ್ ಪ್ಯಾರಿಸ್ಸಿಗೆ ಬಂದಾಗ ಹಕ್ಕಿ ಚಿತ್ರಗಳೂ ಬಂದವು, ಆದರೆ ಅವು ಮಾರೆಯ ಕೆಲಸಕ್ಕೆ ಆಗಲಿಲ್ಲ. ಅವನಿಗೆ ಬೇಕಿದ್ದದ್ದು ಸಮ ಅಂತರದ ಕಾಲದಲ್ಲಿ ತೆಗೆದ, ಅಳೆಯೋಕೆ ಬರೋ ಚಿತ್ರ. ಇನ್ನೊಬ್ಬರನ್ನ ಕಾಯೋದು ಬಿಟ್ಟು ತಾನೇ ಮಾಡೋಕೆ ಕೂತ. ಜಾನ್ಸೆನ್ ಎಂಬ ಖಗೋಳಜ್ಞ 1874ರ ಶುಕ್ರ ಸಂಕ್ರಮಣಕ್ಕೆ ಅಂತ ತಿರುಗೋ ತಟ್ಟೆಯ ಕ್ಯಾಮೆರಾ ಮಾಡಿದ್ದ. 1868ರ ಸೂರ್ಯಗ್ರಹಣ ನೋಡೋಕೆ ನಮ್ಮ ಪಕ್ಕದ ಗುಂಟೂರಿಗೆ ಬಂದಿದ್ದನಲ್ಲ, ಅದೇ ಜಾನ್ಸೆನ್. ಅವನ ಯೋಚನೆಯನ್ನ ಮಾರೆ ಎಷ್ಟೋ ಪಟ್ಟು ವೇಗಕ್ಕೆ ಏರಿಸಿದ.

1882ರಲ್ಲಿ ಕೋವಿ ತಯಾರಾಯ್ತು. ಹೆಗಲಿಗೆ ಒರಗಿಸೋ ಮರದ ಹಿಡಿಕೆ, ಉದ್ದನೆ ನಳಿಗೆ, ಅದರೊಳಗೆ ಲೆನ್ಸ್, ಹಿಂದೆ ಡಬ್ಬಿಯೊಳಗೆ ತಿರುಗೋ ಗಾಜಿನ ತಟ್ಟೆ. ಕುದುರೆ ಎಳೆದರೆ ಒಂದು ಸೆಕೆಂಡಿನಲ್ಲಿ 12 ಚಿತ್ರ, ಒಂದೊಂದಕ್ಕೆ 1/720 ಸೆಕೆಂಡ್ ಬೆಳಕು. ಚಳಿಗಾಲ ಕಳೆಯೋ ನೇಪಲ್ಸ್‌ನಲ್ಲಿ ಅದನ್ನ ಹಿಡಿದುಕೊಂಡು ಸಮುದ್ರದ ದಂಡೆಯಲ್ಲಿ ನಿಂತ. ಗುರಿಯಿಡ್ತಾನೆ, ಕುದುರೆ ಎಳೀತಾನೆ, ಹಕ್ಕಿ ಮಾತ್ರ ಬೀಳಲ್ಲ. ಊರವರು ಇವನಿಗೆ ತಲೆ ಕೆಟ್ಟಿದೆ ಅಂದುಕೊಂಡರಂತೆ. ಕಡಲಹಕ್ಕಿ ಸೆಕೆಂಡಿಗೆ 3 ಸಲ ರೆಕ್ಕೆ ಬಡಿಯುತ್ತೆ. ಹಾಗಾಗಿ ಒಂದೊಂದು ಬಡಿತಕ್ಕೂ 4 ಚಿತ್ರ ಸಿಕ್ಕವು. ಯಾವ ಪಟ್ಟಿ, ಕೊಳವೆಯೂ ಇಲ್ಲದೆ ತನ್ನ ಪಾಡಿಗೆ ಹಾರೋ ಹಕ್ಕಿಯ ರೆಕ್ಕೆ ಕೊನೆಗೂ ಅವನ ಕೈಗೆ ಬಂತು.

ಕತೆ ಇಲ್ಲಿಗೇ ಮುಗಿದಿದ್ದರೆ ನಾನೂ ಅಪ್ಪನಿಗೆ ದೊಡ್ಡ ಲೆನ್ಸಿನ ಪರವಾಗಿ ವಾದ ಮಾಡ್ತಿದ್ದೆ. ಆದರೆ ಮಾರೆ ಅದೇ ವರ್ಷ ಆ ಕೋವಿಯನ್ನ ಪಕ್ಕಕ್ಕಿಟ್ಟ. ಚಿತ್ರಗಳು ತೀರಾ ಚಿಕ್ಕವು, ಹೆಚ್ಚಿನವು ಬರೀ ನೆರಳಿನ ಆಕಾರ. ಇನ್ನೊಂದು ತೊಡಕೂ ಇದೆ, ಸಿಗ್ನಲ್ಸ್ ಪಾಠ ಓದಿದವರಿಗೆ ಥಟ್ಟನೆ ಹೊಳೆಯುತ್ತೆ. ಸೆಕೆಂಡಿಗೆ 8 ಸಲ ಬಡಿಯೋ ಪಾರಿವಾಳಕ್ಕೆ 12 ಚಿತ್ರ ಅಂದರೆ ಒಂದು ಬಡಿತಕ್ಕೆ ಒಂದೂವರೆ ಚಿತ್ರ; ನೈಕ್ವಿಸ್ಟ್ ಲೆಕ್ಕಕ್ಕೆ ಅದು ಸಾಲದು. ನಳಿಗೆ ಎಷ್ಟು ಉದ್ದ ಮಾಡಿದರೂ ಆ ಕೊರತೆ ತುಂಬಲ್ಲ.

ಆಗ ಅವನು ದೂರದ ಹಕ್ಕಿಯ ಬೆನ್ನು ಹತ್ತೋದು ಬಿಟ್ಟ. ಪ್ಯಾರಿಸ್ಸಿನ ಬುಲೋನ್ ಕಾಡಿನ ಅಂಚಿನಲ್ಲಿ ಸಿಕ್ಕ ಜಾಗದಲ್ಲಿ ಕಗ್ಗಪ್ಪು ಹಿನ್ನೆಲೆ ಕಟ್ಟಿ, ಅದರ ಮುಂದೆ ಬಿಳಿ ಹಕ್ಕಿ ಹಾರಿಸಿ, ಒಂದೇ ಗಾಜಿನ ತಟ್ಟೆ ಮೇಲೆ ಸಾಲು ಸಾಲು ಚಿತ್ರ ಬೀಳಿಸಿದ. ಚಿತ್ರ ದೊಡ್ಡದಾಯ್ತು, ವೇಗವೂ ಏರಿತು. ಒಂದರ ಮೇಲೊಂದು ಬಿದ್ದು ಗೋಜಲಾಗೋಕೆ ಶುರುವಾದಾಗ 1888ರಲ್ಲಿ ಉದ್ದನೆ ಕಾಗದದ ಪಟ್ಟಿ, ಆಮೇಲೆ ಸೆಲ್ಯುಲಾಯ್ಡ್ ಫಿಲ್ಮು ತಂದ. ಬೆನ್ನು ಕೆಳಗಾಗಿ ಬಿಟ್ಟ ಬೆಕ್ಕು ನಾಲ್ಕೂ ಕಾಲಿನ ಮೇಲೆ ಇಳಿಯೋದನ್ನ 1894ರಲ್ಲಿ ತೋರಿಸಿದ್ದೂ ಅವನೇ.

ಸಿನಿಮಾ ಅವನ ಬಾಗಿಲ ತನಕ ಬಂದಿತ್ತು. ಅದನ್ನ ವ್ಯಾಪಾರಕ್ಕೆ ಇಳಿಸೋಣ ಅಂದ ಸಹಾಯಕ ದೆಮೆನಿಗೂ ಅವನಿಗೂ ಮನಸ್ಸು ಮುರಿದು 1894ರಲ್ಲಿ ಬೇರೆಯಾದರು. ಮರುವರ್ಷ ಲೂಮಿಯೇರ್ ಸಹೋದರರು ಹೆಸರು ಮಾಡಿದರು. ಕಣ್ಣಿಗೆ ಕಾಣೋದನ್ನೇ ಮತ್ತೆ ತೋರಿಸೋದರಲ್ಲಿ ಮಾರೆಗೆ ಆಸಕ್ತಿ ಇರಲಿಲ್ಲ, ಕಾಣದ್ದು ಬೇಕಿತ್ತು. 1890ರಲ್ಲಿ ಹಕ್ಕಿಗಳ ಹಾರಾಟದ ಬಗ್ಗೆ ದೊಡ್ಡ ಗ್ರಂಥ ತಂದ. ಎಪ್ಪತ್ತರ ಹತ್ತಿರದ ವಯಸ್ಸಿನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಹತ್ತಾರು ಹೊಗೆಯ ಎಳೆ ಹರಿಸಿ, ಅಡ್ಡ ಇಟ್ಟ ಹಲಗೆಯ ಸುತ್ತ ಗಾಳಿ ಹೇಗೆ ತಿರುಗುತ್ತೆ ಅಂತ ಫೋಟೋ ತೆಗೆದ. ಫ್ಲೂಯಿಡ್ ಲ್ಯಾಬಿನಲ್ಲಿ ನಾವು ನೋಡೋ ಹೊಗೆ ಸುರಂಗದ ಹಿಂದೆ ಅವನೂ ಇದ್ದಾನೆ.

ಅವನ 1873ರ ಪುಸ್ತಕದ ಇಂಗ್ಲಿಷ್ ಅನುವಾದ ಅಮೆರಿಕದ ಒಂದು ಮನೆಯ ಕಪಾಟಿನಲ್ಲಿತ್ತು. ಗ್ಲೈಡರಿನಿಂದ ಬಿದ್ದು ಲಿಲಿಯೆಂಥಾಲ್ ಸತ್ತ ಸುದ್ದಿ 1896ರಲ್ಲಿ ಬಂದಾಗ ಆ ಮನೆಯ ವಿಲ್ಬರ್ ರೈಟ್ ಅದನ್ನ ಮತ್ತೆ ತೆಗೆದು ಓದಿದ. 1903ರ ಡಿಸೆಂಬರ್ 17ರಂದು ರೈಟ್ ಸಹೋದರರು ಹಾರಿದರು. ಆ ಕ್ಷಣದ ಫೋಟೋ ನಾವೆಲ್ಲ ನೋಡಿದ್ದೇವೆ. ಅದಕ್ಕೆ ದೂರದ ಲೆನ್ಸೇನೂ ಬೇಕಾಗಲಿಲ್ಲ. ವಿಮಾನ ಎಲ್ಲಿ ನೆಲ ಬಿಡುತ್ತೆ ಅಂತ ಮೊದಲೇ ಅಂದಾಜು ಮಾಡಿ, ಆರ್ವಿಲ್ ಕ್ಯಾಮೆರಾವನ್ನ ಸ್ಟ್ಯಾಂಡಿನ ಮೇಲೆ ಅಲ್ಲಿಗೇ ತಿರುಗಿಸಿ ಇಟ್ಟಿದ್ದ. ಕರಾವಳಿ ರಕ್ಷಣಾ ಠಾಣೆಯ ಜಾನ್ ಡೇನಿಯಲ್ಸ್ ಬಲ್ಬ್ ಒತ್ತಿದ. ಐದು ತಿಂಗಳ ನಂತರ, 1904ರ ಮೇ ತಿಂಗಳಲ್ಲಿ, ಮಾರೆ ತೀರಿಕೊಂಡ.

ಕಾಲೇಜಿಗೆ ವಾಪಸ್ ಬಂದಮೇಲೆ ನಾನೂ ಲೆಕ್ಕ ಹಾಕಿದೆ. ತೇಜಸ್ ಉದ್ದ 13.2 ಮೀಟರ್. ಒಂದು ಕಿಲೋಮೀಟರ್ ದೂರದಲ್ಲಿ 250 ಮಿಲಿಮೀಟರ್ ಲೆನ್ಸು ಅದನ್ನ ಸೆನ್ಸರ್ ಮೇಲೆ 3.3 ಮಿಲಿಮೀಟರ್ ಮಾಡುತ್ತೆ, 600 ಆದರೆ 7.9. ನನ್ನ ಕ್ಯಾಮೆರಾದ ಸೆನ್ಸರ್ ಅಗಲ 23.5 ಮಿಲಿಮೀಟರ್, 6000 ಪಿಕ್ಸೆಲ್. ಅಂದರೆ ಇರೋ ಲೆನ್ಸಿನಲ್ಲೇ ಒಂದು ಪಿಕ್ಸೆಲ್‌ಗೆ ವಿಮಾನದ ಸುಮಾರು ಒಂದೂವರೆ ಸೆಂಟಿಮೀಟರ್. 600 ತಗೊಂಡರೆ ಚಿತ್ರ ದೊಡ್ಡದಾಗುತ್ತೆ ನಿಜ, ಆದರೆ ತೂಕ ಎರಡು ಕಿಲೋದ ಆಸುಪಾಸು, ಬೆಳಕು ಕಮ್ಮಿ, ರನ್‌ವೇ ಮೇಲಿನ ಬಿಸಿಗಾಳಿಯ ನಡುಕವೂ ಅಷ್ಟೇ ದೊಡ್ಡದಾಗುತ್ತೆ. ಮಂಗಟ್ಟೆಯ ಫೋಟೋ ಮತ್ತೆ ತೆರೆದು ನೋಡಿದೆ. ಶಟರ್ 1/100ರಲ್ಲಿತ್ತು. ಅಲುಗಿದ್ದಕ್ಕೆ ಲೆನ್ಸನ್ನ ಬೈದಿದ್ದು ತಪ್ಪು.

ರಾತ್ರಿ ಅಪ್ಪನಿಗೆ ಫೋನ್ ಮಾಡಿ ಹೇಳಿದೆ: ತೇಜಸ್ ಮಗ್ಗುಲಿಗೆ ಉರುಳೋವಾಗ ಎರಡು ರೆಕ್ಕೆಯ ಹಿಂಚಿನ ಎಲೆವಾನ್‌ಗಳು ಒಂದು ಮೇಲೆ, ಒಂದು ಕೆಳಗೆ ಹೇಗೆ ತಿರುಗುತ್ತವೆ ಅಂತ ಸಾಲಾಗಿ ಹತ್ತು ಚಿತ್ರದಲ್ಲಿ ನೋಡಬೇಕು. ಅದಕ್ಕೆ ಈ ಸಲ ಇರೋದೇ ಸಾಕು, 1/1000 ಶಟರ್ ಇಟ್ಟು ವಿಮಾನದ ಜೊತೆ ಕೈ ತಿರುಗಿಸೋದು ಕಲೀಬೇಕು. ಅಪ್ಪ ಹೂಂ ಅಂದ. ಆಮೇಲೆ, ಮುಂದಿನ ಸಲ ಬಂದಾಗ ಮಂಗಟ್ಟೆ ಮೇಲೇ ಅಭ್ಯಾಸ ಮಾಡು, ಅತ್ತಿ ಮರ ಹಣ್ಣಾಗಿದೆ ಅಂದ.