ದಂತವೈದ್ಯದ ಪಿತಾಮಹ ಪಿಯೇರ್ ಫೋಶಾರ್

ಚೆಲುವನ್ನು ವರ್ಣಿಸಹೊರಟ ಕವಿ ಹಲ್ಲಿನ ಸಾಲನ್ನು ಮರೆಯುವುದು ಅಪರೂಪ. ದಾಳಿಂಬೆಯ ಬೀಜ, ಮಲ್ಲಿಗೆಯ ಮೊಗ್ಗು, ಮುತ್ತಿನ ಸರ ಎಂದು ಹೋಲಿಸುವುದು ನಮ್ಮಲ್ಲಿ ವಾಡಿಕೆ. ಆದರೆ ಕವಿಯ ಲೋಕ ಬೇರೆ, ನಿತ್ಯಜೀವನದ ಲೋಕ ಬೇರೆ. ಹುಳುಕು ಹಲ್ಲು, ಉಬ್ಬು ಹಲ್ಲು, ಕಪ್ಪಿಟ್ಟ ಹಲ್ಲು, ಬಿದ್ದ ಹಲ್ಲು ಇವುಗಳಿಂದಾಗಿ ಬಾಯಿಗೆ ಕೈ ಅಡ್ಡವಿಟ್ಟು ನಗುವವರು ಎಷ್ಟೋ ಮಂದಿ. ಇಂದು ಇವರಿಗೆ ದಂತವೈದ್ಯರು ಹಲವು ಉಪಾಯಗಳನ್ನು ಒದಗಿಸುತ್ತಾರೆ. ಹುಳುಕನ್ನು ಕೆರೆದು ಹಲ್ಲಿನ ಬಣ್ಣದ ವಸ್ತುವನ್ನೇ ತುಂಬುತ್ತಾರೆ. ಸೊಟ್ಟ ಹಲ್ಲಿಗೆ ತಂತಿ ಕಟ್ಟಿ ನೇರಗೊಳಿಸುತ್ತಾರೆ. ಮಂಕಾದ ಹಲ್ಲನ್ನು ಬೆಳ್ಳಗೆ ಮಾಡುತ್ತಾರೆ. ಒಡೆದ ಹಲ್ಲಿಗೆ ಪಿಂಗಾಣಿಯ ಕವಚ ತೊಡಿಸುತ್ತಾರೆ. ಬಿದ್ದ ಹಲ್ಲಿನ ಜಾಗದಲ್ಲಿ ಬೇರೊಂದನ್ನು ನಿಲ್ಲಿಸುತ್ತಾರೆ. ಇವೆಲ್ಲ ನಮ್ಮ ಕಾಲದ ಸೃಷ್ಟಿಯೆಂದೇ ಬಹುಮಂದಿಯ ಭಾವನೆ. ಆದರೆ ಇವುಗಳಲ್ಲಿ ಬಹುಪಾಲಿನ ಬೇರು ಸುಮಾರು ಮುನ್ನೂರು ವರ್ಷಗಳ ಹಿಂದೆ ಫ್ರಾನ್ಸ್ ದೇಶದಲ್ಲಿ ಬಾಳಿದ ಒಬ್ಬ ವ್ಯಕ್ತಿಯ ದುಡಿಮೆಯಲ್ಲಿದೆ. ಆತನೇ ಪಿಯೇರ್ ಫೋಶಾರ್.

ಫೋಶಾರನ ಹಿರಿಮೆಯನ್ನು ಅರಿಯಬೇಕಾದರೆ ಅವನ ಕಾಲದ ಸ್ಥಿತಿಯನ್ನು ಮೊದಲು ಅರಿಯಬೇಕು. ಆಗ ಫ್ರಾನ್ಸನ್ನು ಆಳುತ್ತಿದ್ದವನು 14ನೆಯ ಲೂಯಿ. ಯೂರೋಪಿನ ಅರಸರಲ್ಲೆಲ್ಲ ವೈಭವಕ್ಕೆ ಹೆಸರಾದ ಈ ದೊರೆಗೂ ಒಳ್ಳೆಯ ಹಲ್ಲಿನ ಭಾಗ್ಯವಿರಲಿಲ್ಲ. 1685ರಲ್ಲಿ ಅವನ ಮೇಲ್ದವಡೆಯ ಹಲ್ಲುಗಳನ್ನು ಕೀಳುವಾಗ ಅಂಗುಳಿನ ಒಂದು ಭಾಗವೂ ಮುರಿದು ಬಂದಿತು. ಆ ಮೇಲೆ ರಾಜನು ಕುಡಿದ ಪಾನೀಯ ಮೂಗಿನಿಂದ ಹೊರಬರುತ್ತಿದ್ದಿತು. ಗಾಯವನ್ನು ಕಾದ ಕಬ್ಬಿಣದಿಂದ ಸುಟ್ಟು ಮುಚ್ಚಬೇಕಾಯಿತು. ದೇಶದ ಶ್ರೇಷ್ಠ ವೈದ್ಯರನ್ನು ಆಳಾಗಿ ಇಟ್ಟುಕೊಂಡಿದ್ದ ಚಕ್ರವರ್ತಿಯ ಪಾಡೇ ಇದಾದರೆ ಸಾಮಾನ್ಯರ ಪಾಡನ್ನು ಊಹಿಸಿಕೊಳ್ಳಬಹುದು. ಅವರ ಪಾಲಿಗೆ ಇದ್ದವರು ಕ್ಷೌರಿಕರು, ಕಮ್ಮಾರರು ಮತ್ತು ಸಂತೆಯಲ್ಲಿ ಹಲ್ಲು ಕೀಳುವವರು. ಪ್ಯಾರಿಸ್ಸಿನ ಪೋಂ ನಫ್ ಸೇತುವೆಯ ಮೇಲೆ ಗ್ರಾಂ ತೋಮಾ ಎಂಬ ದೈತ್ಯಕಾಯನು ಬಹುಕಾಲ ಈ ಕಸಬನ್ನು ನಡೆಸಿ ಊರಿಗೇ ಒಂದು ನೋಟವಾಗಿದ್ದನು. ಹಲ್ಲು ಕಿತ್ತರೆ ನೋವು ತೀರಿತು ಎಂಬುದಷ್ಟೇ ಅಂದಿನ ಚಿಕಿತ್ಸೆಯ ತಿರುಳು. ಹಲ್ಲನ್ನು ಉಳಿಸುವ ಮಾತು ಯಾರ ಬಾಯಲ್ಲೂ ಇರಲಿಲ್ಲವೆಂದರೆ ತಪ್ಪಾಗಲಾರದು.

ಇಂಥ ಕಾಲದಲ್ಲಿ, 1678ರ ಸುಮಾರಿಗೆ, ಫ್ರಾನ್ಸಿನ ಪಶ್ಚಿಮ ಭಾಗದಲ್ಲಿ ಫೋಶಾರ್ ಜನಿಸಿದನು. ಮನೆಯಲ್ಲಿ ಹೇಳಿಕೊಳ್ಳುವಂಥ ಐಶ್ವರ್ಯವಿರಲಿಲ್ಲ. ಹದಿನೈದನೆಯ ವಯಸ್ಸಿನಲ್ಲಿ ಆತನು ನೌಕಾಪಡೆಗೆ ಸೇರಿದನು. ಅಲ್ಲಿ ಪೋತಲೆರೆ ಎಂಬ ಹಿರಿಯ ಶಸ್ತ್ರವೈದ್ಯನ ಆಶ್ರಯ ದೊರೆತದ್ದು ಅವನ ಬಾಳಿನ ದಿಕ್ಕನ್ನೇ ಬದಲಿಸಿತು. ಹಡಗಿನ ಜೀವನದಲ್ಲಿ ತಿಂಗಳುಗಟ್ಟಲೆ ತಾಜಾ ಹಣ್ಣು ತರಕಾರಿಗಳ ದರ್ಶನವಿಲ್ಲ. ನಾವಿಕರ ಒಸಡು ಊದಿ ರಕ್ತ ಸುರಿಯುವುದು, ಹಲ್ಲುಗಳು ಅಲುಗಾಡಿ ಉದುರುವುದು ದಿನನಿತ್ಯದ ನೋಟ. ಇದು ಸ್ಕರ್ವಿ ರೋಗ. ಸಿ ಜೀವಸತ್ವದ ಕೊರತೆಯಿಂದ ಬರುವಂಥದು ಎಂದು ಇಂದಿನ ವಿದ್ಯಾರ್ಥಿಗೆ ಗೊತ್ತು. ಆಗ ಅದರ ಕಾರಣ ತಿಳಿದಿರಲಿಲ್ಲವಾದರೂ ಬಾಯಿಯ ರೋಗಗಳನ್ನು ಹತ್ತಿರದಿಂದ ಕಾಣುವ ಅವಕಾಶ ತರುಣ ಫೋಶಾರನಿಗೆ ಒದಗಿತು. ಅವನಿಗೆ ದಂತವಿದ್ಯೆಯ ಕಾಲೇಜಿರಲಿಲ್ಲ. ಪ್ರಪಂಚದಲ್ಲೇ ಅಂಥದೊಂದು ಇರಲಿಲ್ಲ. ಹಡಗೇ ಅವನ ಪಾಠಶಾಲೆ, ರೋಗಿಯ ಬಾಯೇ ಅವನ ಪಠ್ಯಪುಸ್ತಕ.

ನೌಕಾಪಡೆಯನ್ನು ಬಿಟ್ಟ ಬಳಿಕ ಆತನು ಆಂಜೆ ಎಂಬ ಪಟ್ಟಣದಲ್ಲಿ ನೆಲೆಸಿ ಹಲ್ಲಿನ ಚಿಕಿತ್ಸೆಯನ್ನೇ ವೃತ್ತಿಯಾಗಿ ಕೈಕೊಂಡನು. ಬುದ್ಧಿವಂತನಾದ ತರುಣನೊಬ್ಬನು ಹಲ್ಲು ಕೀಳುವವರ ಸಾಲಿಗೆ ಸೇರುವುದು ಅಂದಿನ ಸಮಾಜದಲ್ಲಿ ಗೌರವದ ಮಾತಾಗಿರಲಿಲ್ಲ. ಆದರೂ ಫೋಶಾರನು ಹಿಂಜರಿಯಲಿಲ್ಲ. ಗಡಿಯಾರ ಮಾಡುವವರ, ಅಕ್ಕಸಾಲಿಗರ, ದಂತದ ಕೆತ್ತನೆಗಾರರ ಉಪಕರಣಗಳನ್ನು ಕಂಡು ಅವುಗಳನ್ನು ತನ್ನ ಕೆಲಸಕ್ಕೆ ಹೊಂದಿಸಿಕೊಂಡನು. ಸುತ್ತಣ ಊರುಗಳಲ್ಲಿ ಅವನ ಹೆಸರು ಹಬ್ಬಿತು. ನಲವತ್ತರ ವಯಸ್ಸಿನಲ್ಲಿ ರಾಜಧಾನಿಯಾದ ಪ್ಯಾರಿಸ್ಸಿಗೆ ಬಂದು ಅಲ್ಲಿಯೇ ನೆಲೆನಿಂತನು. 1699ರ ರಾಜಾಜ್ಞೆಯಂತೆ ಆ ನಗರದಲ್ಲಿ ಹಲ್ಲಿನ ಚಿಕಿತ್ಸೆ ನಡೆಸಲು ಪರೀಕ್ಷೆಯೊಂದನ್ನು ಮುಗಿಸಬೇಕಾಗಿದ್ದಿತು. ಪರೀಕ್ಷೆಯೇನೋ ಬಂದಿತು, ಆದರೆ ಓದಲು ಪುಸ್ತಕವಿಲ್ಲ, ಕಲಿಸಲು ಗುರುವಿಲ್ಲ. ಬಲ್ಲವರು ಬಲ್ಲದ್ದನ್ನು ಬಚ್ಚಿಡುತ್ತಿದ್ದರು. ಒಂದು ಪುಡಿ, ಒಂದು ತೈಲ, ಒಂದು ಚಿಮಟ ಇವು ಕುಟುಂಬದ ಗುಟ್ಟಾಗಿ ತಂದೆಯಿಂದ ಮಗನಿಗೆ ಇಳಿಯುತ್ತಿದ್ದುವು. ಮಗನಿಲ್ಲದಿದ್ದರೆ ಸಾವಿನೊಡನೆ ಮಣ್ಣು ಸೇರುತ್ತಿದ್ದುವು.

ಈ ಗುಟ್ಟಿನ ಗೋಡೆಯನ್ನು ಒಡೆದದ್ದೇ ಫೋಶಾರನ ಬಾಳಿನ ಮಹತ್ಕಾರ್ಯ. ತಾನು ಕಂಡುದನ್ನು, ಕಲಿತುದನ್ನು, ಸ್ವಂತವಾಗಿ ರೂಪಿಸಿದ ಸಾಧನಗಳನ್ನು ಸಹ ಆತನು ಬರೆದಿಡತೊಡಗಿದನು. 1723ರಲ್ಲಿ ಹಸ್ತಪ್ರತಿ ಸಿದ್ಧವಾಯಿತು. ಆದರೆ ಅವಸರಪಟ್ಟು ಅಚ್ಚಿಗೆ ಕೊಡಲಿಲ್ಲ. ಹೆಸರಾಂತ ವೈದ್ಯರಿಗೂ ಶಸ್ತ್ರವೈದ್ಯರಿಗೂ ತೋರಿಸಿ ತಿದ್ದಿ, ಐದು ವರ್ಷಗಳ ಬಳಿಕ, 1728ರಲ್ಲಿ, ಎರಡು ಸಂಪುಟಗಳಾಗಿ ಪ್ರಕಟಿಸಿದನು. ಲ ಶಿರುರ್ಜಿಯಾಂ ದಾಂತಿಸ್ತ್ ಎಂದು ಅದರ ಹೆಸರು. ಹಲ್ಲಿನ ಶಸ್ತ್ರವೈದ್ಯ ಎಂದು ಅರ್ಥ. ಹಲ್ಲು ಕೀಳುವವನೆಂಬ ಹೀನವಾದ ಹೆಸರು ಅಳಿದು ಗೌರವದ ಹೆಸರೊಂದು ಆ ವೃತ್ತಿಗೆ ನಿಂತದ್ದು ಈ ಗ್ರಂಥದಿಂದಲೇ ಎನ್ನಬಹುದು. ಅನ್ನ ನೀಡುವ ಗುಟ್ಟುಗಳನ್ನು ಪ್ರತಿಸ್ಪರ್ಧಿಗಳ ಕೈಗೇ ಕೊಡುವುದು ಸಣ್ಣ ತ್ಯಾಗವಲ್ಲ. 1733ರಲ್ಲಿ ಗ್ರಂಥವು ಜರ್ಮನ್ ಭಾಷೆಗೆ ಅನುವಾದವಾಯಿತು. 1746ರಲ್ಲಿ ಫ್ರೆಂಚಿನಲ್ಲಿ ಎರಡನೆಯ ಮುದ್ರಣ ಹೊರಬಂದಿತು.

ಗ್ರಂಥದಲ್ಲಿರುವ ಸಂಗತಿಗಳನ್ನು ನೋಡಿದರೆ ಬೆರಗಾಗುತ್ತದೆ. ಹಲ್ಲುಗಳ ರಚನೆ, ಬೆಳವಣಿಗೆ, ನೂರಕ್ಕೂ ಹೆಚ್ಚು ರೋಗಗಳ ವಿಂಗಡಣೆ, ಉಪಕರಣಗಳ ಚಿತ್ರಗಳು ಎಲ್ಲವೂ ಅಲ್ಲಿವೆ. ಹಲ್ಲನ್ನು ಹುಳುಗಳು ತಿನ್ನುತ್ತವೆ ಎಂಬ ನಂಬಿಕೆ ಬಾಬಿಲೋನಿಯದ ಕಾಲದಿಂದಲೂ ಬಂದದ್ದು. ನಮ್ಮ ಹುಳುಕು ಹಲ್ಲು ಎಂಬ ಮಾತಿನಲ್ಲಿಯೂ, ಹಲ್ಲಿಗೆ ಹುಳ ಬಿದ್ದಿದೆ ಎಂಬ ಮನೆಮಾತಿನಲ್ಲಿಯೂ ಅದೇ ನಂಬಿಕೆ ಅಡಗಿದೆ. ಫೋಶಾರನು ಹುಳುಕು ಹಲ್ಲುಗಳನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದನು, ಹುಳು ಕಾಣಲಿಲ್ಲ. ಕಾಣದ್ದನ್ನು ಕಂಡೆನೆಂದು ಅವನು ಬರೆಯಲಿಲ್ಲ. ಅದರ ಬದಲು ಸಿಹಿತಿಂಡಿಯ ಮೇಲೆ ಆಸೆಯುಳ್ಳವರ ಹಲ್ಲುಗಳೇ ಹೆಚ್ಚಾಗಿ ಕೆಡುವುದನ್ನು ಗುರುತಿಸಿ, ಸಕ್ಕರೆ ಹಲ್ಲಿನ ವೈರಿ ಎಂದು ಎಚ್ಚರಿಸಿದನು. ಬಾಯಿಯ ಸೂಕ್ಷ್ಮಜೀವಿಗಳು ಸಕ್ಕರೆಯಿಂದ ಆಮ್ಲವನ್ನು ಉತ್ಪತ್ತಿಮಾಡಿ ಹಲ್ಲನ್ನು ಕರಗಿಸುತ್ತವೆ ಎಂಬ ತತ್ತ್ವ ಸ್ಪಷ್ಟವಾದದ್ದು 19ನೆಯ ಶತಮಾನದ ಕೊನೆಯಲ್ಲಿ. ಅದಕ್ಕೂ ಒಂದೂವರೆ ಶತಮಾನ ಮೊದಲೇ ಫೋಶಾರನ ಬೆರಳು ಸರಿಯಾದ ಕಡೆಗೇ ತೋರಿಸಿದ್ದಿತು.

ಅವನ ಚಿಕಿತ್ಸೆಯ ಕ್ರಮಗಳೂ ಹೊಸವು. ಅಲ್ಲಿಯವರೆಗೆ ರೋಗಿಯನ್ನು ನೆಲದ ಮೇಲೆ ಕೂರಿಸಿ, ಅವನ ತಲೆಯನ್ನು ಮೊಣಕಾಲುಗಳ ನಡುವೆ ಅದುಮಿ ಹಲ್ಲು ಕೀಳುತ್ತಿದ್ದರು. ಫೋಶಾರನು ರೋಗಿಯನ್ನು ಒರಗುಕುರ್ಚಿಯಲ್ಲಿ ಕೂರಿಸಿ ಬೆಳಕಿನಲ್ಲಿ ಬಾಯಿಯನ್ನು ಪರೀಕ್ಷಿಸಿದನು. ಹುಳುಕಿನ ಭಾಗವನ್ನು ಕೆರೆದು ತೆಗೆದು, ಲವಂಗದ ಅಥವಾ ದಾಲ್ಚಿನ್ನಿಯ ಎಣ್ಣೆಯಿಂದ ನೋವನ್ನು ತಗ್ಗಿಸಿ, ತವರ, ಸೀಸ ಅಥವಾ ಚಿನ್ನದ ತಗಡನ್ನು ತುಂಬುತ್ತಿದ್ದನು. ಸೀಸ ವಿಷವೆಂದು ಈಗ ಬಲ್ಲೆವು. ಆದರೆ ಕೀಳದೆ ಉಳಿಸಬೇಕೆಂಬ ನಿರ್ಧಾರವೇ ಅಂದಿಗೆ ಹೊಸದು. ರಂಧ್ರ ಕೊರೆಯಲು ಬಿಲ್ಲಿನ ಹುರಿಯಿಂದ ತಿರುಗುವ ಸಣ್ಣ ಬೈರಿಗೆಯೊಂದನ್ನು ಬಳಸಿದನು. ಸೊಟ್ಟ ಹಲ್ಲುಗಳಿಗಾಗಿ ಚಿನ್ನದ ಅಥವಾ ಬೆಳ್ಳಿಯ ತೆಳುವಾದ ಪಟ್ಟಿಯನ್ನು ಕುದುರೆ ಲಾಳದಂತೆ ಬಾಗಿಸಿ, ತೂತುಗಳ ಮೂಲಕ ದಾರ ಪೋಣಿಸಿ ಹಲ್ಲುಗಳಿಗೆ ಕಟ್ಟಿ, ಮೆಲ್ಲಮೆಲ್ಲನೆ ಸಾಲಿಗೆ ತಂದನು. ಇಂದು ಶಾಲಾ ಮಕ್ಕಳ ಬಾಯಲ್ಲಿ ಮಿನುಗುವ ತಂತಿಗೆ ಈ ಪಟ್ಟಿಯೇ ಮೂಲಪುರುಷ.

ಹಲ್ಲು ಬಿದ್ದವರಿಗಾಗಿ ಆನೆಯ ದಂತದಿಂದಲೂ ನೀರಾನೆಯ ಕೋರೆಯಿಂದಲೂ ಹಲ್ಲುಗಳನ್ನು ಕೆತ್ತಿಸಿದನು. ಮೇಲಿನ ಕಟ್ಟು ಜಾರದಂತೆ, ಕೆಳಗಿನದಕ್ಕೂ ಅದಕ್ಕೂ ನಡುವೆ ಉಕ್ಕಿನ ಸ್ಪ್ರಿಂಗನ್ನು ಜೋಡಿಸಿದನು. ಲೋಹದ ತಗಡಿನ ಮೇಲೆ ಎನಾಮಲ್ ಬಣ್ಣವನ್ನು ಕಾಯಿಸಿ ಹಚ್ಚಿ, ಹಲ್ಲಿಗೆ ಹಲ್ಲಿನ ಬಣ್ಣವನ್ನೂ ಒಸಡಿಗೆ ಒಸಡಿನ ಬಣ್ಣವನ್ನೂ ಕೊಡುವ ಯುಕ್ತಿಯೂ ಅವನದೇ. ಅಗಿಯುವುದಕ್ಕಷ್ಟೇ ಅಲ್ಲ, ನಗುವುದಕ್ಕೂ ಮಾತನಾಡುವುದಕ್ಕೂ ಹಲ್ಲು ಬೇಕು ಎಂಬುದನ್ನು ಆತನು ಚೆನ್ನಾಗಿ ಬಲ್ಲವನಾಗಿದ್ದನು. 1729ರಲ್ಲಿ ನಟನೊಬ್ಬನ ಮಗಳನ್ನು ಆತನು ಮದುವೆಯಾದನು. 1737ರಲ್ಲಿ ಹುಟ್ಟಿದ ಅವನ ಮಗ ಮುಂದೆ ಗ್ರಾಂಮೆನಿಲ್ ಎಂಬ ಹೆಸರಿನಿಂದ ಪ್ಯಾರಿಸ್ಸಿನ ರಂಗಭೂಮಿಯಲ್ಲಿ ಪ್ರಖ್ಯಾತ ನಟನಾದನು. ಸುಂದರವಾದ ನಗೆಯ ಬೆಲೆ ಆ ಮನೆಗೆ ತಿಳಿಯದ್ದಲ್ಲ.

ಆದರೂ ಸೌಂದರ್ಯದ ಹೆಸರಿನಲ್ಲಿ ಆರೋಗ್ಯವನ್ನು ಬಲಿಗೊಡುವುದನ್ನು ಫೋಶಾರನು ಎಂದೂ ಒಪ್ಪಲಿಲ್ಲ. ಕ್ಷಣಾರ್ಧದಲ್ಲಿ ಹಲ್ಲನ್ನು ಬೆಳ್ಳಗೆ ಮಾಡುವೆವೆಂದು ತೀಕ್ಷ್ಣವಾದ ಆಮ್ಲಗಳನ್ನು ಹಚ್ಚುತ್ತಿದ್ದವರು ಆಗಲೂ ಇದ್ದರು. ಅಂಥ ಹಲ್ಲು ಮೊದಲು ಹೊಳೆಯುತ್ತದೆ, ಆ ಬಳಿಕ ಮೇಲ್ಪದರ ಸವೆದು ನಾಶವಾಗುತ್ತದೆ. ಮತ್ತೆ ಕೆಲವರು ಗುಂಪಿನ ನಡುವೆ ತಮ್ಮವನನ್ನೇ ರೋಗಿಯ ವೇಷದಲ್ಲಿ ನಿಲ್ಲಿಸುತ್ತಿದ್ದರು. ಅವನ ಬಾಯಲ್ಲಿ ಕೋಳಿಯ ರಕ್ತ ತುಂಬಿದ ತೆಳು ಪೊರೆಯೊಳಗೆ ಯಾರದೋ ಹಲ್ಲು ಮೊದಲೇ ಅಡಗಿರುತ್ತಿದ್ದಿತು. ಮೋಸಗಾರನು ಮುಟ್ಟಿದಂತೆ ನಟಿಸುವನು, ಇವನು ರಕ್ತದೊಡನೆ ಹಲ್ಲನ್ನು ಉಗುಳುವನು, ಜನರು ನೋವಿಲ್ಲದ ವಿದ್ಯೆಯೆಂದು ಬೆರಗಾಗುವರು. ಇಂಥ ಕಪಟಗಳನ್ನು ಫೋಶಾರನು ತನ್ನ ಗ್ರಂಥದಲ್ಲಿ ಒಂದೊಂದಾಗಿ ಬಯಲಿಗೆಳೆದನು. ಅರಿತ ರೋಗಿಯೇ ಮೋಸಕ್ಕೆ ಮದ್ದು ಎಂಬುದು ಅವನ ನಿಲುವಾಗಿದ್ದಿತು.

ಹಾಗೆಂದು ಫೋಶಾರನು ದೋಷವಿಲ್ಲದ ದೇವಮಾನವನೇನೂ ಅಲ್ಲ. ಹಲ್ಲುನೋವಿಗೆ ಸ್ವಮೂತ್ರದಿಂದ ಬಾಯಿ ಮುಕ್ಕಳಿಸಬೇಕೆಂದು ಆತನು ಸಲಹೆಯಿತ್ತನು. ಇಂದಿನ ವೈದ್ಯರಾರೂ ಇದನ್ನು ಒಪ್ಪರು. ಒಬ್ಬರ ಹಲ್ಲನ್ನು ಕಿತ್ತು ಇನ್ನೊಬ್ಬರ ದವಡೆಯಲ್ಲಿ ನಾಟುವ ಪ್ರಯೋಗವನ್ನೂ ಮಾಡಿದನು. ಸೈನ್ಯಾಧಿಕಾರಿಯೊಬ್ಬನಿಗೆ ಅವನ ಕೈಕೆಳಗಿನ ಸಿಪಾಯಿಯ ಹಲ್ಲನ್ನು ಕಿತ್ತು ಹಾಕಿದ ಪ್ರಸಂಗವನ್ನು ತಾನೇ ವರ್ಣಿಸಿದ್ದಾನೆ. ಮುಂದೆ ಈ ಪದ್ಧತಿ ಹಬ್ಬಿ, ಬಡವರು ಕಾಸಿನಾಸೆಗೆ ತಮ್ಮ ಹಲ್ಲುಗಳನ್ನು ಸಿರಿವಂತರಿಗೆ ಮಾರುವ ದುರವಸ್ಥೆಯೂ ಯೂರೋಪಿನಲ್ಲಿ ಬಂದಿತು. ಒಬ್ಬನ ನಗೆಗಾಗಿ ಇನ್ನೊಬ್ಬನ ನಗೆಯನ್ನು ಕಿತ್ತುಕೊಳ್ಳುವುದು ಯಾವ ನ್ಯಾಯ? ಈ ಪ್ರಶ್ನೆ ಫೋಶಾರನನ್ನು ಕಾಡಿದಂತೆ ತೋರುವುದಿಲ್ಲ. ಇದು ಅವನ ಕಾಲದ ಮಿತಿ. ಆದರೆ ಮಿತಿಯನ್ನು ಮಿತಿಯೆಂದೇ ನಾವು ಹೇಳಬೇಕಾಗುತ್ತದೆ. ಪಿಂಗಾಣಿಯ ಹಲ್ಲು ಬಂದ ಮೇಲೆ ಈ ಅನ್ಯಾಯಕ್ಕೆ ಇಳಿಮುಖವಾಗತೊಡಗಿತು. ಆ ಪಿಂಗಾಣಿಯ ಹಲ್ಲೂ 18ನೆಯ ಶತಮಾನದ ಉತ್ತರಾರ್ಧದಲ್ಲಿ ಫ್ರಾನ್ಸಿನಲ್ಲಿಯೇ ರೂಪುಗೊಂಡಿತು.

ಫೋಶಾರನು ಹಣವನ್ನೂ ಕೀರ್ತಿಯನ್ನೂ ಗಳಿಸಿದನು. 1734ರಲ್ಲಿ ಪ್ಯಾರಿಸ್ಸಿನ ಹೊರವಲಯದಲ್ಲಿ ಗ್ರಾಂಮೆನಿಲ್ ಎಂಬ ದೊಡ್ಡ ಬಂಗಲೆಯನ್ನು ಕೊಂಡನು; ಮಗನ ಹೆಸರು ಬಂದದ್ದು ಅದರಿಂದಲೇ. ತುಂಬುಬಾಳನ್ನು ಬಾಳಿ 1761ರ ಮಾರ್ಚ್ ತಿಂಗಳಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡನು. ಅವನು ತೀರಿದ 26 ವರ್ಷಗಳಿಗೆ, 1787ರಲ್ಲಿ, ವಿಜೆ ಲ ಬ್ರಂ ಎಂಬ ಚಿತ್ರಕಲಾವಿದೆ ಮಗಳನ್ನು ಅಪ್ಪಿಕೊಂಡು ನಗುತ್ತಿರುವ ತನ್ನದೇ ಚಿತ್ರವನ್ನು ಬರೆದು ಪ್ರದರ್ಶಿಸಿದಳು. ತುಟಿಗಳ ನಡುವೆ ಬಿಳಿಯ ಹಲ್ಲು ಕಾಣುತ್ತಿದ್ದುದೇ ದೊಡ್ಡ ಚರ್ಚೆಗೆ ಕಾರಣವಾಯಿತು. ಗಣ್ಯರು ಬಾಯಿ ಬಿಗಿದು ಕೂತು ಚಿತ್ರ ಬರೆಯಿಸಿಕೊಳ್ಳುತ್ತಿದ್ದ ದೇಶದಲ್ಲಿ ಹಲ್ಲು ತೋರಿಸಿ ನಗುವ ಧೈರ್ಯ ಬಂದಿದ್ದಿತು. ಆ ಧೈರ್ಯದ ಹಿಂದೆ ಫೋಶಾರನೂ ಅವನ ದಾರಿಯಲ್ಲಿ ನಡೆದವರೂ ಇದ್ದರೆಂದು ಇತಿಹಾಸಕಾರರು ಹೇಳುತ್ತಾರೆ.

ಪ್ರಪಂಚದ ಮೊದಲ ದಂತವೈದ್ಯ ಕಾಲೇಜು 1840ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಸ್ಥಾಪನೆಯಾಯಿತು. ನಮ್ಮ ದೇಶದಲ್ಲಿ ಡಾ. ರಫಿಯುದ್ದೀನ್ ಅಹಮದ್ ಅವರು 1920ರಲ್ಲಿ ಕಲ್ಕತ್ತೆಯಲ್ಲಿ ಇಂಥದೊಂದು ಕಾಲೇಜನ್ನು ಆರಂಭಿಸಿದರು. 1948ರಲ್ಲಿ ದಂತವೈದ್ಯರ ಕಾಯಿದೆ ಬಂದಿತು. ಹೀಗೆ ಗುಟ್ಟಿನ ಕಸಬು ವಿದ್ಯಾಲಯದ ವಿದ್ಯೆಯಾಗಿ ನಮ್ಮವರೆಗೂ ಬಂದಿದೆ. ಇಂದು ಬೀದಿಬೀದಿಯ ಫಲಕಗಳು ಚೆಲುವಾದ ನಗೆಯನ್ನು ಕೊಡುವೆವೆಂದು ಕರೆಯುತ್ತವೆ. ಬಿಳುಪು, ನೇರ್ಪು, ಹೊಳಪು ಯಾವುದನ್ನು ಬಯಸಿದರೂ ತಪ್ಪಿಲ್ಲ. ಆದರೆ ಮೊದಲು ಹಲ್ಲು ಉಳಿಯಲಿ, ಒಸಡು ಗಟ್ಟಿಯಾಗಲಿ, ಆ ಮೇಲೆ ಅಲಂಕಾರ ಎಂಬ ಫೋಶಾರನ ಕ್ರಮವನ್ನು ಮರೆಯದಿರುವುದು ಮೇಲು.

ವಿದ್ಯಾರ್ಥಿಗಳಾದ ನಮಗೆ ಅವನ ಬಾಳಿನಲ್ಲಿ ಇನ್ನೊಂದು ಪಾಠವೂ ಇದೆ. ಬಚ್ಚಿಟ್ಟ ವಿದ್ಯೆ ಒಬ್ಬನ ಹೊಟ್ಟೆಯನ್ನು ತುಂಬೀತು. ಹಂಚಿದ ವಿದ್ಯೆ ಶತಮಾನಗಳನ್ನು ದಾಟಿ ಕಂಡರಿಯದವರ ನೋವನ್ನು ನೀಗುತ್ತದೆ. ಗ್ರಾಂ ತೋಮಾನ ಕೈಚಳಕ ಅವನೊಡನೆಯೇ ಮುಗಿಯಿತು. ಫೋಶಾರನ ಗ್ರಂಥ ಇಂದಿಗೂ ಉಳಿದಿದೆ.